ಅಳಿಯ ಹೂಂ ಅಂದ ಕಥೆ

ನಮ್ಮ ಮನೆಯ ಹಾಲಿನಲ್ಲಿ ಎರಡು ತಿಂಗಳು ಒಂದು ನೇರಳೆ ಬಣ್ಣದ ಚೆಂಡು ಸಂಸಾರ ಮಾಡಿತು. ಮಕ್ಕಳು ಆಡುವ ಚೆಂಡಲ್ಲ; ಮದುವೆ ಮನೆಯ ಕೊಪ್ಪರಿಗೆಯಷ್ಟು ದಪ್ಪ. ನಾನು ಪೇಪರ್ ಓದುತ್ತ ಕೂತರೆ ಫ್ಯಾನಿನ ಗಾಳಿಗೆ ಮೆಲ್ಲಗೆ ಉರುಳಿಕೊಂಡು ಬಂದು ನನ್ನ ಮೊಣಕಾಲಿಗೆ ಒರಗುತ್ತಿತ್ತು. ಅದನ್ನು ತಂದವನು ಅಳಿಯ. ಸೀಮಂತ ಮುಗಿಸಿ, ಹಸಿರು ಬಳೆ ತೊಡಿಸಿ ನಾವು ಮಗಳನ್ನು ಮೈಸೂರಿಗೆ ಕರೆದುಕೊಂಡು ಬಂದೆವು. ಲ್ಯಾಪ್‌ಟಾಪು, ಚೆಂಡು, ಎರಡು ಸೂಟ್‌ಕೇಸು ಸಮೇತ ಅವನೂ ಹಿಂದೆಯೇ ಬಂದ. "ವರ್ಕ್ ಫ್ರಂ ಹೋಮ್, ಮಾವ" ಅಂದ. ಯಾರ ಹೋಮ್ ಅಂತ ನಾನು ಕೇಳಲಿಲ್ಲ. ಎದುರಿಗೆ ಅಳಿಯಂದಿರಿಗೆ ನಾನು ಬಹುವಚನವೇ. ಇಲ್ಲಿ ಏಕವಚನ ಬಳಸುತ್ತಿರುವುದು ಅವನು ಕನ್ನಡ ಪತ್ರಿಕೆ ಓದುವುದಿಲ್ಲ ಎಂಬ ಧೈರ್ಯದಿಂದ.

ಹೆರಿಗೆಯ ವಿಷಯದಲ್ಲಿ ನಾನೇನು ಅನನುಭವಿಯಲ್ಲ. 1994ರಲ್ಲಿ ಮಗಳು ಹುಟ್ಟಿದಾಗ ನಾನು ರಾಯಚೂರಿನಲ್ಲಿ ಬ್ಯಾಂಕ್ ಗುಮಾಸ್ತ. ನನ್ನವಳು ತವರಿನಲ್ಲಿ, ಹಾಸನದ ಹತ್ತಿರದ ಹಳ್ಳಿಯಲ್ಲಿ. ಹೆಣ್ಣು ಮಗು, ಇಬ್ಬರೂ ಕ್ಷೇಮ ಅಂತ ಟೆಲಿಗ್ರಾಂ ಬಂತು. ರಜೆ ಕೇಳಿದರೆ ಮ್ಯಾನೇಜರು "ಹೆತ್ತದ್ದು ನೀವಲ್ಲವಲ್ಲ" ಅಂದರು. ಅವರನ್ನು ಒಪ್ಪಿಸಿ ಬಸ್ಸು ಹತ್ತುವ ಹೊತ್ತಿಗೆ ಮಗುವಿಗೆ ವಾರ. ಆ ಬಸ್ಸೋ, ಚಳ್ಳಕೆರೆ ಹತ್ತಿರ ರೇಡಿಯೇಟರ್ ಒಡೆದು ನೀರೆಲ್ಲ ಸೋರಿ, ನಡುರಾತ್ರಿ ನಾಲ್ಕು ಗಂಟೆ ಬಯಲಿನಲ್ಲಿ ನಿಂತಿತು. ಕಡಲೆಕಾಯಿ ಹೊಲದ ಬದುವಿನಲ್ಲಿ ಕೂತು ಚಳಿಯಲ್ಲಿ ನಡುಗಿದ್ದನ್ನು ನಾನು ಮೂವತ್ತು ವರ್ಷಗಳಿಂದ ಹೇಳುತ್ತ ಬಂದಿದ್ದೇನೆ. ನಮ್ಮ ಮನೆಯಲ್ಲಿ ಹೆರಿಗೆಯ ಕಥೆ ಅಂದರೆ ನನ್ನ ಬಸ್ಸಿನ ಕಥೆ.

ಅಳಿಯನದು ಬೇರೆ ಮಾರ್ಗ. ಅವನು ಪ್ರತಿ ಭಾನುವಾರ ಮಗಳ ಜೊತೆ ಹೆರಿಗೆ ಕ್ಲಾಸಿಗೆ ಹೋಗುತ್ತಿದ್ದ. ಒಂದು ವಾರ ಅವನ ಕೈಗೆ ಉಳುಕು. ಕಾರು ಓಡಿಸಿದ ನನಗೂ ಒಳಗೆ ಒಂದು ಕುರ್ಚಿ ಸಿಕ್ಕಿತು. ಚಾಪೆಗಳ ಮೇಲೆ ಆರು ಜೋಡಿ. ಹೆಂಡತಿಯರೆಲ್ಲ ಗಂಡಂದಿರ ಎದೆಗೆ ಒರಗಿ ಕೂತಿದ್ದರು. ನಮ್ಮ ಕಾಲದಲ್ಲಿ ಹಾಗೆ ಕೂತಿದ್ದರೆ ಅತ್ತೆ ನೀರು ಎರಚುತ್ತಿದ್ದರು. ಟೀಚರಮ್ಮ ಹೇಳಿದರು: ಹೆದರಿಕೆ ಬಂದರೆ ಮೈ ಬಿಗಿಯುತ್ತದೆ, ಮೈ ಬಿಗಿದರೆ ನೋವು ಹೆಚ್ಚುತ್ತದೆ, ನೋವು ಹೆಚ್ಚಿದರೆ ಇನ್ನಷ್ಟು ಹೆದರಿಕೆ, ಈ ಗಾಣದಿಂದ ಇಳಿಯುವುದೇ ತಯಾರಿ. ಈ ಮಾತನ್ನು ಗ್ರ್ಯಾಂಟ್ಲಿ ಡಿಕ್-ರೀಡ್ ಎಂಬ ಇಂಗ್ಲೆಂಡಿನ ವೈದ್ಯ 1933ರಲ್ಲೇ ಪುಸ್ತಕ ಮಾಡಿ, ಸಹೋದ್ಯೋಗಿಗಳ ಕೈಲಿ ಬೈಸಿಕೊಂಡನಂತೆ. ಫ್ರಾನ್ಸಿನ ಡಾಕ್ಟರ್ ಲಮಾಜ್ 1951ರಲ್ಲಿ ಸೋವಿಯತ್ ದೇಶಕ್ಕೆ ಹೋಗಿ, ಅಲ್ಲಿ ಬಸುರಿಯರಿಗೆ ಉಸಿರಾಟದ ಪಾಠ ಹೇಳಿ ಹೆರಿಗೆಗೆ ಸಿದ್ಧಪಡಿಸುವುದನ್ನು ಕಂಡು, ಪ್ಯಾರಿಸಿಗೆ ತಂದನಂತೆ. ಅಷ್ಟು ಕೇಳುವುದರೊಳಗೆ ಕೋಣೆಯ ಮಂದ ಬೆಳಕು, ಮೆಲುದನಿಯ ಕೊಳಲು, ಎಲ್ಲರೂ ಒಟ್ಟಾಗಿ ಬಿಡುವ ನೀಳ ಉಸಿರು ಸೇರಿ ನನಗೆ ಸೊಗಸಾದ ನಿದ್ದೆ ಬಂತು.

ಮನೆಗೆ ಬಂದ ಮೇಲೆ ನನ್ನವಳು ತೀರ್ಪು ಕೊಟ್ಟಳು: "ಇವರು ಸುಭದ್ರೆ ಸಂತಾನ." ಕಥೆ ನಿಮಗೂ ಗೊತ್ತು. ಕೃಷ್ಣ ಬಸುರಿ ತಂಗಿಗೆ ಚಕ್ರವ್ಯೂಹದ ಕಥೆ ಹೇಳುತ್ತಿದ್ದ. ಅವಳು ನಿದ್ದೆ ಹೋದಳು. ಹೊಟ್ಟೆಯೊಳಗಿಂದ ಯಾರೋ "ಹೂಂ" ಅಂದರು. ಕೃಷ್ಣ ಬೆಚ್ಚಿ ಕಥೆ ನಿಲ್ಲಿಸಿದ. ಒಳಗೆ ಹೋಗುವ ಪಾಠ ಆಗಿತ್ತು, ಹೊರಗೆ ಬರುವುದು ಬಾಕಿ ಉಳಿಯಿತು. ಯೋಚಿಸಿ ನೋಡಿ, ಹೊಟ್ಟೆಯೊಳಗಿರುವ ಮಗುವಿಗೆ ತುರ್ತಾಗಿ ಬೇಕಾದದ್ದು ಆ ಎರಡನೆಯ ಪಾಠವೇ! ಕೃಷ್ಣ ಬಿಟ್ಟ ಅಧ್ಯಾಯವನ್ನು ಕುವೆಂಪುನಗರದ ಟೀಚರಮ್ಮ ಭಾನುವಾರ ಹತ್ತರಿಂದ ಹನ್ನೆರಡರವರೆಗೆ ಮುಗಿಸಿಕೊಡುತ್ತಿದ್ದರು.

ಅಳಿಯ ಮನೆಯಲ್ಲಿ ಹೋಂವರ್ಕ್ ಮಾಡುತ್ತಿದ್ದ. ಬೆಳಿಗ್ಗೆ ಮಗಳು ಚೆಂಡಿನ ಮೇಲೆ ಕೂತು ಸೊಂಟ ತಿರುಗಿಸುವಳು, ಅವನು ಬೆನ್ನ ಹಿಂದೆ ಕೂತು ಅಂಗೈಯ ಬುಡದಿಂದ ಸೊಂಟದ ಕೆಳಗಿನ ಎಲುಬನ್ನು ಒತ್ತುವನು. ಸಂಜೆ ಇಬ್ಬರೂ ಗೋಡೆಗೆ ಬೆನ್ನು ಕೊಟ್ಟು ಕುಕ್ಕರಗಾಲಿನಲ್ಲಿ ಕೂರುವರು. ಅವನಿಗೆ ಏಕೆ ಕುಕ್ಕರಗಾಲು ಅಂತ ಕೇಳಿದರೆ, "ಸಪೋರ್ಟ್, ಮಾವ." ಎರಡು ನಿಮಿಷ ಆದ ಮೇಲೆ ಏಳಲು ಅವನಿಗೇ ಸಪೋರ್ಟ್ ಬೇಕಾಗುತ್ತಿತ್ತು. ನನ್ನವಳು ಅಡಿಗೆಮನೆ ಬಾಗಿಲಿನಿಂದ ವೀಕ್ಷಕ ವಿವರಣೆ ಕೊಡುವಳು: "ನಾವು ಒರಳಲ್ಲಿ ದೋಸೆಗೆ ರುಬ್ಬಿದ್ವಿ, ನೆಲ ಸಾರಿಸಿದ್ವಿ. ಅದಕ್ಕೆ ಯಾರೂ ಫೀಸು ತಗೊಳ್ಳಲಿಲ್ಲ."

ಒಂದು ದಿನ ಅವಳು ನಿಪ್ಪಟ್ಟು ತಟ್ಟುತ್ತಿದ್ದಳು. ಅಳಿಯ ಬಂದು ಸ್ಕೇಲಿಟ್ಟು ಅಳೆದ. "ಅತ್ತೆ, ಕರೆಕ್ಟಾಗಿ 10 ಸೆಂಟಿಮೀಟರ್! ಗರ್ಭದ ಬಾಯಿ ಪೂರ್ತಿ ತೆರೆದರೆ ಇಷ್ಟಾಗುತ್ತೆ. 5 ಆಗೋವರೆಗೆ ನಿಧಾನ, ಆಮೇಲೆ ಚುರುಕು. ಗಂಟೆಗೊಂದು ಸೆಂಟಿಮೀಟರ್ ತೆರೀಲೇಬೇಕು ಅಂತ ಅವಸರ ಮಾಡಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲೇ ಹೇಳಿದೆ." ನನ್ನವಳು ಬಾಣಲೆಯ ನಿಪ್ಪಟ್ಟನ್ನೇ ಸುಮ್ಮನೆ ದಿಟ್ಟಿಸಿದಳು. "ನನಗೆ ಯಾರೂ ಅಳತೆ ಹೇಳಿರಲಿಲ್ಲ ಕಣ್ರೀ" ಅಂದಳು. ಆ ಬ್ಯಾಚು ಕೊಂಚ ಸೀದಿತ್ತು.

ನಿಜವಾದ ಕಾಳಗ ಹತ್ತಿದ್ದು ಬೇರೆ ಕಡೆ. ಆಸ್ಪತ್ರೆಯವರು ಹೆರಿಗೆ ಕೋಣೆಯೊಳಗೆ ಒಬ್ಬರನ್ನು ಬಿಡುತ್ತೇವೆ ಅಂದಿದ್ದರು. ಒಬ್ಬರೇ! ಅಳಿಯ ಪುಸ್ತಕ ತೋರಿಸಿದ. ರಾಬರ್ಟ್ ಬ್ರಾಡ್ಲಿ ಎಂಬ ಅಮೆರಿಕದ ವೈದ್ಯ 1965ರಲ್ಲಿ ಬರೆದದ್ದು. ಹೆರುವವಳಿಗೆ ಗಂಡನೇ ಕೋಚ್ ಆಗಬೇಕೆಂಬುದು ಅದರ ಸಾರ. ನನ್ನವಳು ಅಂದಳು: "ಈಜು ಬಾರದವನು ದಡದಲ್ಲಿ ನಿಂತು ಈಜು ಕಲಿಸಿದ ಹಾಗೆ." ಅಳಿಯ ಬಿಡಲಿಲ್ಲ. ಹೆರುವವಳ ಜೊತೆ ಕೊನೆತನಕ ಒಬ್ಬರು ಇದ್ದರೆ ಸಿಸೇರಿಯನ್ ಕಡಿಮೆ, ನೋವಿನ ಮದ್ದು ಕಡಿಮೆ, ಹೊತ್ತೂ ಕಡಿಮೆ. ಹದಿನೈದು ಸಾವಿರಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದ ಪರೀಕ್ಷೆಗಳನ್ನೆಲ್ಲ ಒಟ್ಟು ಹಾಕಿ 2017ರಲ್ಲಿ ಲೆಕ್ಕ ತೆಗೆದಿದ್ದಾರೆ ಅಂದ. "ಹದಿನೈದು ಸಾವಿರ ಹೆರಿಗೆ ನಮ್ಮ ಪಾವಗಡದ ಸೂಲಗಿತ್ತಿ ನರಸಮ್ಮ ಒಬ್ಬರೇ ಮಾಡಿಸಿದ್ರು, 2018ರಲ್ಲಿ ಪದ್ಮಶ್ರೀ ಬಂತು. ಅವರೇನು ಲೆಕ್ಕ ತೆಗೆದಿದ್ರಾ?" ಇದು ಅತ್ತೆಯ ಬಾಣ.

ಆಗ ಅಳಿಯ, ಪಾಪ, ಪ್ರಾಮಾಣಿಕ ಮನುಷ್ಯ, ತನ್ನ ವಿರುದ್ಧದ ದಾಖಲೆಯನ್ನೂ ತಾನೇ ಓದಿ ಹೇಳಿದ. 2016ರಲ್ಲಿ ಕೇಂದ್ರ ಸರ್ಕಾರ ಹೆರಿಗೆ ಸಂಗಾತಿಯನ್ನು ಸರ್ಕಾರಿ ಆಸ್ಪತ್ರೆಗಳಲ್ಲೂ ಬಿಡಬೇಕು ಅಂತ ಸೂಚನೆ ಹೊರಡಿಸಿತು. ಆದರೆ ಷರತ್ತುಗಳಿವೆ: ಸಂಗಾತಿ ಹೆಂಗಸಾಗಿರಬೇಕು, ಸ್ವತಃ ಹೆರಿಗೆಯ ಅನುಭವ ಉಳ್ಳವಳಾಗಿರಬೇಕು, ಬಟ್ಟೆ ಶುಭ್ರವಾಗಿರಬೇಕು, ಸಿಬ್ಬಂದಿಯ ಕೆಲಸದಲ್ಲಿ ತಲೆ ಹಾಕಬಾರದು, ಮರೆಯ ವ್ಯವಸ್ಥೆ ಸರಿಯಾಗಿರುವ ಕಡೆ ಗಂಡನೂ ಆಗಬಹುದು. "ಅನುಭವ ಉಳ್ಳವಳು" ಎನ್ನುವುದು ಬಾಯಿಂದ ಬಿದ್ದದ್ದೇ ನನ್ನವಳು ಸೆರಗು ಸಿಕ್ಕಿಸಿ ನಿಂತಳು. "ನಾನು ಪಾಸಾಗಿದೀನಿ. ನೀವು?" ಕೊನೆಗೆ ಪ್ರಕರಣ ಇತ್ಯರ್ಥ ಮಾಡಿದವಳು ಚೆಂಡಿನ ಮೇಲಿದ್ದ ಮಗಳು. "ಅಮ್ಮಾ, ನೀನು ಒಳಗೆ ಬಂದ್ರೆ ನನಗಿಂತ ಮುಂಚೆ ನೀನೇ ಅಳ್ತೀಯ. ಇವರೇ ಬರ್ಲಿ. ತಲೆ ತಿರುಗಿ ಬಿದ್ರೆ ನಿನ್ನ ಕರೀತೀನಿ."

ಡಾಕ್ಟರಮ್ಮ ಹಾಸ್ಯಪ್ರಜ್ಞೆಯವರು. ಅಳಿಯ ಹೆರಿಗೆಯ ಯೋಜನೆಯನ್ನು ಎರಡು ಪುಟ ಟೈಪು ಮಾಡಿ, ಲ್ಯಾಮಿನೇಷನ್ ಮಾಡಿಸಿ ಅವರ ಮುಂದಿಟ್ಟ. ನೋವಿನ ಹೊತ್ತಿನಲ್ಲಿ ಓಡಾಡಲು ಬಿಡಬೇಕು, ಮಲಗಿಸಿಯೇ ಹೆರಿಸಬಾರದು, ಅಗತ್ಯವಿಲ್ಲದೆ ಕತ್ತರಿ ಹಾಕಬಾರದು, ಹುಟ್ಟಿದ ತಕ್ಷಣ ಮಗುವನ್ನು ತಾಯಿಯ ಎದೆ ಮೇಲಿಡಬೇಕು, ಹೀಗೆ. ಅವರು ಕನ್ನಡಕ ಏರಿಸಿ ಓದಿ, "ಎಲ್ಲಾ ಸರಿಯಾಗೇ ಇದೆ. ಇದರ ಒಂದು ಕಾಪಿ ಮಗೂಗೂ ಕೊಟ್ಟಿದೀರಾ?" ಅಂದರು. ಆಮೇಲೆ ಗಂಭೀರವಾಗಿ ಹೇಳಿದರು: "ನಾರ್ಮಲ್ ಆಗ್ಲಿ ಅಂತ ನಾನೂ ಪ್ರಯತ್ನ ಪಡ್ತೀನಿ. ಮಗುವಿನ ಎದೆಬಡಿತ ಬೇರೆ ಮಾತು ಹೇಳಿದ್ರೆ ಆಪರೇಷನ್ನೇ. ಆಗ ಯಾರೂ ಸೋತ ಮುಖ ಮಾಡ್ಕೊಂಡು ಬರಬಾರದು." ಕಾರಿನಲ್ಲಿ ನನ್ನವಳು ಮೊದಲ ಬಾರಿ ಅಳಿಯನ ಪಕ್ಷ ಹಿಡಿದಳು. ಅವಳ ಊರಿನ ಸೂಲಗಿತ್ತಿಯ ಕೈಗುಣವನ್ನು ಎಷ್ಟು ಹೊಗಳಿದರೂ, ಹೆತ್ತ ಮೂರನೇ ದಿನ ಹೋದ ಅವಳ ಚಿಕ್ಕಮ್ಮನ ನೆನಪು ಅವಳಿಗಿದೆ. ಲಕ್ಷ ಹೆರಿಗೆಗೆ ತಾಯಂದಿರ ಸಾವು ಕರ್ನಾಟಕದಲ್ಲಿ 2018-20ರ ಹೊತ್ತಿಗೆ 69ಕ್ಕೆ ಇಳಿದಿದೆ ಅಂತ ಅಳಿಯ ಹೇಳಿದಾಗ, "ಆ 69ರ ಮನೆಗಳಲ್ಲಿ ಲೆಕ್ಕ ಯಾರಿಗೆ ಬೇಕು? ಆಸ್ಪತ್ರೆ ಆಸ್ಪತ್ರೆನೇ" ಅಂದಳು. ಉಳಿದ ದಾರಿ ಯಾರೂ ಮಾತಾಡಲಿಲ್ಲ.

ಹೇಳಿದ ದಿನಕ್ಕೆ ಸರಿಯಾಗಿ ಹುಟ್ಟುವ ಮಕ್ಕಳು ಇಪ್ಪತ್ತರಲ್ಲಿ ಒಂದು ಇದ್ದರೆ ಹೆಚ್ಚು. ನಮ್ಮದು ಉಳಿದ ಹತ್ತೊಂಬತ್ತರ ಗುಂಪು. ಕಂಪನಿಯವರು ಅಳಿಯನಿಗೆ ಕೊಟ್ಟದ್ದೇ ಹತ್ತು ದಿನ ರಜೆ. ಕೇಂದ್ರ ಸರ್ಕಾರದ ನೌಕರನಾಗಿದ್ದರೆ 15 ದಿನವಾದರೂ ಸಿಗುತ್ತಿತ್ತು. ಆ ಹತ್ತನ್ನು ಅವನು ಜಿಪುಣ ಬೆಲ್ಲ ಕಾಯುವ ಹಾಗೆ ಕಾಯುತ್ತಿದ್ದ. ಒಂದು ರಾತ್ರಿ ಮಗಳು ಹೊಟ್ಟೆ ಹಿಡಿದಳು. ಐದು ನಿಮಿಷಕ್ಕೊಂದು ನೋವು, ಒಂದೊಂದೂ ಒಂದು ನಿಮಿಷ, ಹೀಗೆ ಒಂದು ಗಂಟೆ ಬಂದರೆ ಹೊರಡಬೇಕು. ನೀರು ಒಡೆದರೆ, ರಕ್ತ ಕಂಡರೆ, ಮಗುವಿನ ಮಿಸುಕಾಟ ಕಡಿಮೆ ಅನ್ನಿಸಿದರೆ ಗಡಿಯಾರ ನೋಡದೆ ಹೊರಡಬೇಕು. ಇದು ಕ್ಲಾಸಿನ ಪಾಠ. ಅಳಿಯನ ಫೋನಿನಲ್ಲಿ ಅದಕ್ಕೊಂದು ಆ್ಯಪು. ನೋವು ಬಂದಾಗಲೆಲ್ಲ ಅವನು ಗುಂಡಿ ಒತ್ತುವನು. ಒತ್ತಿ ಒತ್ತಿ ಆಸ್ಪತ್ರೆಗೆ ಹೋದೆವು. ಅದು ಸುಳ್ಳು ನೋವು. ನಡೆದಾಡಿದರೆ ತಗ್ಗುವುದು ಸುಳ್ಳು, ಏರುವುದು ನಿಜ ಅಂತ ನರ್ಸಮ್ಮ ಹೇಳಿ ಕಳಿಸಿದರು. ಬೆಳಗಿನ ಜಾವ ದಾರಿಯಲ್ಲಿ ಮೂವರೂ ಮೈಲಾರಿ ದೋಸೆ ತಿಂದು ಬಂದರು. ನಾನು ಕಾರಿನಲ್ಲಿ ನಿದ್ದೆ ಹೋಗಿದ್ದೆನಂತೆ. ಎಬ್ಬಿಸಲಿಲ್ಲ.

ನಿಜವಾದದ್ದು ಬಂದದ್ದು ನಾಲ್ಕು ದಿನದ ಮೇಲೆ, ನಡುರಾತ್ರಿ ಎರಡೂವರೆಗೆ. ಎರಡು ತಿಂಗಳು ಕಟ್ಟಿಟ್ಟ ಬ್ಯಾಗು ಕಾರಿಗೆ ಬಂತು. ಲ್ಯಾಮಿನೇಷನ್ ಪುಟ ಫ್ರಿಜ್ಜಿನ ಬಾಗಿಲಲ್ಲೇ ಉಳಿಯಿತು. ಅಳಿಯ ಎಡಗಾಲಿಗೆ ತನ್ನ ಚಪ್ಪಲಿ, ಬಲಗಾಲಿಗೆ ನನ್ನದು ಮೆಟ್ಟಿ ಓಡಿದ. ಬೆಳಿಗ್ಗೆ ನಾನು ಉಳಿದೊಂದು ಜೊತೆಯಲ್ಲಿ ಆಸ್ಪತ್ರೆಗೆ ನಡೆದೆ.

ಹದಿಮೂರು ಗಂಟೆ. ನಾನು, ನನ್ನವಳು ಹೊರಗಿನ ಬೆಂಚಿನಲ್ಲಿ. ಅವಳು ದೇವರಿಗೆಲ್ಲ ಒಂದೊಂದು ಹರಕೆ ಹೊತ್ತಳು. ಅವಕ್ಕೆ ತಗಲುವ ಖರ್ಚನ್ನು ನಾನು ಮನಸ್ಸಿನಲ್ಲೇ ಕೂಡುತ್ತಿದ್ದೆ. ಮೂರೂವರೆಗೆ ಬಾಗಿಲು ತೆರೆಯಿತು. ಅಳಿಯ ಬಂದ. ಕಣ್ಣು ಕೆಂಪು, ಅಂಗಿಯೆಲ್ಲ ಎಳನೀರು, ಮುಂಗೈ ಮೇಲೆ ನಾಲ್ಕು ಉಗುರಿನ ಗುರುತು. "ಹೆಣ್ಣು ಮಗು, ಅತ್ತೆ. ಇಬ್ಬರೂ ಕ್ಷೇಮ." ನನ್ನ ಟೆಲಿಗ್ರಾಂ ಮೂವತ್ತು ವರ್ಷ ತಡವಾಗಿ, ಕಾಲ ಮೇಲೆ ನಡೆದುಕೊಂಡು ಬಂದ ಹಾಗಿತ್ತು.

ಒಳಗೆ ನಡೆದದ್ದನ್ನು ಮಗಳು ಆಮೇಲೆ ಹೇಳಿದಳು. ಮೊದಲ ನಾಲ್ಕು ಗಂಟೆ ಅವನು ಕ್ಲಾಸಿನ ಪಾಠವನ್ನೆಲ್ಲ ಒಪ್ಪಿಸಿದನಂತೆ: ಉಸಿರು ತಗೋ, ಒಂದು, ಎರಡು, ಮೂರು, ಬಿಡು, ಭುಜ ಸಡಿಲ ಬಿಡು. ಏಳು ಸೆಂಟಿಮೀಟರ್ ಆದಾಗ ಮಗಳು ಹಲ್ಲು ಕಚ್ಚಿ ಅಂದಳಂತೆ, "ಒಂದ್ಸಲ ಬಾಯಿ ಮುಚ್ತೀಯಾ?" ಅಲ್ಲಿಗೆ ಎರಡು ತಿಂಗಳ ಸಿಲಬಸ್ ಮುಗಿಯಿತು. ಆಮೇಲೆ ಅವನು ಮಾಡಿದ್ದು ಮೂರೇ ಕೆಲಸ. ಸೊಂಟ ಒತ್ತಿದ. ಸ್ಟ್ರಾ ಹಾಕಿ ಎಳನೀರು ಹಿಡಿದ. ಅವಳು ಏನು ಹೇಳಿದರೂ "ಹೂಂ" ಅಂದ. ನನ್ನ ಕೈಲಿ ಆಗಲ್ಲ. ಹೂಂ. ಇನ್ನೆಷ್ಟು ಹೊತ್ತು? ಹೂಂ. ಇದೆಲ್ಲ ನಿನ್ನಿಂದಲೇ. ಹೂಂ. "ಆ ಹೂಂ ಇಲ್ಲದಿದ್ರೆ ನಾನು ಎಲ್ಲಿದೀನಿ ಅಂತಲೇ ಗೊತ್ತಾಗ್ತಿರಲಿಲ್ಲ ಅಪ್ಪ" ಅಂದಳು ಮಗಳು. ಅಜ್ಜಿಯರ ಕಥೆಗೂ ಹೂಂಗುಟ್ಟುವವರು ಬೇಕು. ಹೂಂ ನಿಂತರೆ ಕಥೆಯೂ ನಿಲ್ಲುತ್ತದೆ.

ಈಗ ಮನೆಯಲ್ಲಿ ಬೆಳ್ಳುಳ್ಳಿ, ಸಾಂಬ್ರಾಣಿ ಹೊಗೆಯ ವಾಸನೆ. ಚೆಂಡು ಅಟ್ಟ ಸೇರಿದೆ. ಮೊನ್ನೆ ರಾತ್ರಿ ಮಗು ಮಲಗಿದ ಮೇಲೆ ನನ್ನವಳು ಹಿತ್ತಲ ಬಾಗಿಲಲ್ಲಿ ಕೂತು ಬಾಣಂತಿಗೆ ಅಂಟಿನ ಉಂಡೆ ಕಟ್ಟುತ್ತಿದ್ದಳು. ನಾನು ಪಕ್ಕದಲ್ಲಿ ಕೂತೆ.

"ಅವತ್ತು ನಿನಗೆ ನೋವು ಎಷ್ಟು ಹೊತ್ತಿಗೆ ಶುರುವಾಯ್ತು?"

ಅವಳು ಉಂಡೆ ಕಟ್ಟುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ಜ್ವರ ಬಂದಿದೆಯೇ ಅಂತ ನೋಡುವ ಹಾಗೆ.

"ಯಾಕೆ, ಈಗ ಕೇಳ್ತಿದೀರಾ?"

"ಹೂಂ."

"ದೀಪ ಹಚ್ಚೋ ಹೊತ್ತು. ಅಮ್ಮ ಹಾಲು ಕರೆಯೋಕೆ ಕೊಟ್ಟಿಗೆಗೆ ಹೋಗಿದ್ಲು. ನಾನು ಒಬ್ಬಳೇ ಜಗಲಿ ಮೇಲೆ..."

"ಹೂಂ."

"ಎದ್ದು ನಿಂತೆ. ನೀರೆಲ್ಲ ಒಡೆದು ಹೋಯ್ತು."

ಚಳ್ಳಕೆರೆ, ರೇಡಿಯೇಟರು, ಕಡಲೆಕಾಯಿ ಹೊಲ, ಎಲ್ಲವೂ ನಾಲಿಗೆಯ ತುದಿಗೆ ಬಂದು ಸಾಲಾಗಿ ನಿಂತವು. ಒಂದು ಉಂಡೆ ಬಾಯಿಗೆ ಹಾಕಿಕೊಂಡು ಅವನ್ನೆಲ್ಲ ನುಂಗಿದೆ.

"ಹೂಂ" ಅಂದೆ.