ಸತ್ತೇ ಬಂದವನು

ಕೆಂಭಾವಿಯಲ್ಲಿ ಈಗ ಟ್ರ್ಯಾಕ್ಟರ್ ಬೇಕೆಂದರೆ ಓಣಿಗೆ ನಾಲ್ಕು ಸಿಗುತ್ತವೆ, ಕುದುರೆ ಬೇಕೆಂದರೆ ಊರೆಲ್ಲ ಕೇಳಿಕೊಂಡು ಹೋಗಬೇಕು. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬಂದು ಜೋಳದ ಎಷ್ಟೋ ಎರೆ ಹೊಲಗಳು ಭತ್ತದ ಗದ್ದೆಗಳಾದವು. ಉಳಿದ ಕುದುರೆಯೆಂದರೆ ಕುರಿಗಾರರ ಸಾಮಾನು ಹೊರುವ ತಟ್ಟು, ಇಲ್ಲವೇ ಮದುಮಗನನ್ನು ಹೊರುವ ಬಿಳಿ ಕುದುರೆ. ಎರಡನೆಯ ಜಾತಿಯದೊಂದರ ಪತ್ರಾಸ್ ಶೆಡ್ಡಿಗೆ ಏಪ್ರಿಲ್‌ನ ಒಂದು ಮಧ್ಯಾಹ್ನ ಹೋಗಿದ್ದೆ. ಮಾಲಕರು ಚಹಾ ತರಲು ಹೋದರು. ಬಿಸಿಲಿಗೆ ಕಾದ ಪತ್ರಾಸಿನ ಕೆಳಗೆ, ಹಲಗೆಯ ಮೇಲೆ, ಹೊಳೆಯುವ ಪ್ಲಾಸ್ಟಿಕ್ ಡಬ್ಬಿಯೊಂದು ಕೂತಿತ್ತು. ಅದರ ಮೇಲೆ ಕೆಂಭಾವಿಯನ್ನು ಎಂದೂ ಕಾಣದ ಅರಬಿ ಕುದುರೆಯ ಚಿತ್ರ. ಕೆಳಗೆ ಮೂಲೆಯಲ್ಲಿ ಗೋಣಿಚೀಲದ ತುಂಬ ಹುರುಳಿ. ಸುಮ್ಮನೆ ಕೂತಿರಲಾಗದೆ ಡಬ್ಬಿಯನ್ನು ಮಾತಾಡಿಸಿದೆ.

ನಾನು: ತಾವು ಯಾರು?

ಡಬ್ಬಿ: ಬ್ರೂವರ್ಸ್ ಯೀಸ್ಟ್. ಬೀರ್ ತಯಾರಾಗುವ ತೊಟ್ಟಿಯಲ್ಲಿ ಸಕ್ಕರೆ ತಿಂದು ಮದ್ಯ ಮಾಡಿಕೊಡುವುದು ನನ್ನ ಕೆಲಸವಾಗಿತ್ತು. ಕೆಲಸ ಮುಗಿದು ತಳದಲ್ಲಿ ಕೆಸರಾಗಿ ಕೂತೆ. ಬಳಿದು ತೆಗೆದರು, ಒಣಗಿಸಿದರು, ಪುಡಿ ಮಾಡಿದರು. ಆ ಕಾವಿನಲ್ಲೇ ನನ್ನ ಜೀವ ಹೋಯಿತು. ಈಗ ತಮ್ಮೊಡನೆ ಮಾತಾಡುತ್ತಿರುವುದು ಹೆಣ.

ನಾನು: ಸತ್ತವರು ಮಾತಾಡುವುದುಂಟೆ?

ಡಬ್ಬಿ: ಸತ್ತವರು ಪಿಂಚಣಿ ತೆಗೆದುಕೊಳ್ಳುವ ದೇಶ ಸ್ವಾಮಿ ಇದು. ಮಾತಾಡಿದರೆ ತಪ್ಪೇನು?

ನಾನು: ಶರಣ ಕೆಂಭಾವಿ ಭೋಗಣ್ಣನ ಊರಿಗೆ ಬೀರಿನ ಕುಲದವರು ಬಂದದ್ದು ಹೇಗೆ? ಈ ಕುದುರೆ ಜಾತ್ರೆಯಲ್ಲಿ ದೇವರ ಮುಂದೆಯೂ ಹೋಗುತ್ತದೆ.

ಡಬ್ಬಿ: ಕುಲ ಕೇಳದೆ ಮನೆಯಲ್ಲಿ ಉಣ್ಣಲಿಟ್ಟದ್ದಕ್ಕೆ ಆ ಭೋಗಣ್ಣನನ್ನೇ ಊರು ಬಿಡಿಸಿದರಂತೆ, ಊರಿನ ಲಿಂಗಗಳೆಲ್ಲ ಆತನ ಹಿಂದೆ ಉರುಳುತ್ತ ಹೊರಟವಂತೆ. ಆ ಕಥೆ ಗೊತ್ತಿದ್ದೂ ನನ್ನ ಕುಲ ಕೇಳುತ್ತೀರಿ. ಇರಲಿ. ಒಣಗಿದ ನನ್ನಲ್ಲಿ ಅಮಲಿಲ್ಲ. ಉಳಿದಿರುವುದು ಕಹಿ ಮಾತ್ರ. ಬೀರಿಗೆ ಹಾಕುವ ಹಾಪ್ಸ್ ಹೂವಿನ ಕಹಿ ಅದು. ಕಹಿ ತೆಗೆದ ಪುಡಿಯೂ ಸಿಗುತ್ತದೆ, ಬೆಲೆ ಹೆಚ್ಚು.

ನಾನು: ಅಲ್ಲಪ್ಪಾ, ಬೀರಿಗೂ ಕುದುರೆಗೂ ಎಲ್ಲಿಯ ನಂಟು?

ಡಬ್ಬಿ: ಟಿಪ್ಪುವಿನ ಕಾಲದಿಂದ ಕುದುರೆ ಸಾಕಿಕೊಂಡು ಬಂದ ಕುಣಿಗಲ್ ಫಾರಂ 1992ರಲ್ಲಿ ಯಾರಿಗೆ ಗುತ್ತಿಗೆಗೆ ಹೋಯಿತು? ಬೀರ್ ಮಾರುತ್ತಿದ್ದ ವಿಜಯ್ ಮಲ್ಯರ ಬಳಗಕ್ಕೆ. ನಂಟು ನಾನು ಕಟ್ಟಿದ್ದಲ್ಲ, ದೊಡ್ಡವರೇ ಕಟ್ಟಿದ್ದು.

(ಇಲ್ಲಿ ಮೂಲೆಯ ಚೀಲ ಕೆಮ್ಮಿತು.)

ಹುರುಳಿ: ಸಾಹೇಬ್ರ, ಅಂವ ಕುಣಿಗಲ್ ಸುದ್ದಿ ಹೇಳ್ತಾನ, ಇಲ್ಲೇ ಸುರಪುರದ ಸುದ್ದಿ ಕೇಳ್ರಿ. 1841ರಾಗ ಟೇಲರ್ ಅನ್ನೋ ಇಂಗ್ಲಿಷ್ ಅಧಿಕಾರಿ ಸುರಪುರಕ್ಕ ಬಂದ, ಹತ್ತು ವರ್ಷದ ಮ್ಯಾಲ ಇದ್ದ. ಅವನ ಕುದುರಿ ಡಬ್ಬಿ ನೆಕ್ಕಿತ್ತೇನ್ರಿ? ಇಂಗ್ಲಿಷರು ನಮ್ಮನ್ನ ತಮ್ಮ ಕುದುರಿಗಿ ಹಾಕಿ ಹಾಕಿ ನಮ್ಮ ಕುಲಕ್ಕ ಹೆಸರೇ ‘ಹಾರ್ಸ್ ಗ್ರಾಂ’ ಅಂತ ಇಟ್ಟಾರ.

ಡಬ್ಬಿ: ದೊಡ್ಡವರು, ಮಾತಾಡಲಿ. ಆದರೆ ಹಸಿಯಾಗಿ ಅವರನ್ನು ಕೊಡುವಂತಿಲ್ಲ, ಬೇಯಿಸಬೇಕು.

ಹುರುಳಿ: ಹೌದಪ್ಪ ತಮ್ಮಾ, ಬೇಯಿಸಬೇಕು. ಪ್ರೋಟೀನ್ ಅರಗಗೊಡದ ಒಂದು ಗುಣ ನನ್ನಾಗ ಅದ, ಕುದಿಸಿದ್ರ ಹೋಗ್ತದ. ಅದಕ್ಕ ಹಿರ್ಯಾರು ರಾತ್ರಿ ನೆನಿ ಹಾಕಿ ಮುಂಜಾನಿ ಕುದಸ್ತಿದ್ರು. ನೀ ಎಷ್ಟು ಕೊಡ್ತಿ ಅದನ್ನ ಹೇಳು.

ಡಬ್ಬಿ: ದಿನಕ್ಕೆ 50 ಗ್ರಾಂ ಪುಡಿ. ಅದರಲ್ಲಿ ಪ್ರೋಟೀನ್ ಸುಮಾರು 22 ಗ್ರಾಂ.

ಹುರುಳಿ: ನಾ 100 ಗ್ರಾಂ ಇದ್ರ ನನ್ನಾಗೂ ಅಷ್ಟೇ ಅದ. ಈಗ ಇಬ್ಬರ ರೊಕ್ಕ ಎಷ್ಟು ಅಂತ ಕೇಳ್ರಿ ಅವಂಗ.

ಡಬ್ಬಿ ಕೇಳಿಸಲಿಲ್ಲವೆಂಬಂತೆ ಕೂತಿತು. 500 ಕಿಲೋ ತೂಗುವ ಕುದುರೆ ಕೆಲಸವಿಲ್ಲದೆ ನಿಂತಿದ್ದರೂ ದಿನಕ್ಕೆ 630 ಗ್ರಾಂ ಪ್ರೋಟೀನ್ ಬೇಕು. ಅದರಲ್ಲಿ ಈ 22 ಗ್ರಾಂ ಒಗ್ಗರಣೆಗೂ ಸಾಲದು. ಪ್ರೋಟೀನಿಗೆಂದು ಈ ಡಬ್ಬಿ ಕೊಳ್ಳುವವರು ಉಪ್ಪಿನಕಾಯಿಯಿಂದ ಹೊಟ್ಟೆ ತುಂಬಿಸಿಕೊಳ್ಳುವವರು.

ನಾನು: ಹಾಗಾದರೆ ನಿಮ್ಮನ್ನು ಏಕೆ ಕೊಳ್ಳಬೇಕು?

ಡಬ್ಬಿ: ಬಿ ಗುಂಪಿನ ಜೀವಸತ್ವಕ್ಕೆ. ಈ ಜೋಳದ ನಾಡಿಗೆ ಅದರ ಬೆಲೆ ಗೊತ್ತಿರಬೇಕು. ಬರೀ ಜೋಳ ತಿಂದ ಬಡವರ ಮೈ ಚರ್ಮ ಸುಲಿಯುವ ಪೆಲಾಗ್ರ ರೋಗ ದಖ್ಖನ್ನಿನಲ್ಲಿ ಏಕೆ ಬರುತ್ತದೆಂದು 1960ರ ಹೊತ್ತಿಗೆ ಹೈದರಾಬಾದಿನಲ್ಲಿ ಸಿ. ಗೋಪಾಲನ್ ಮತ್ತು ಜೊತೆಗಾರರು ಶೋಧಿಸಿದರು. ಅದಕ್ಕೂ ಮೊದಲು, 1927ರಲ್ಲಿ ಮಿಸಿಸಿಪ್ಪಿ ನದಿಗೆ ಮಹಾಪೂರ ಬಂದಾಗ ಗೋಲ್ಡ್‌ಬರ್ಗರ್ ಎಂಬ ವೈದ್ಯರು ಅದೇ ರೋಗಕ್ಕೆ ನನ್ನನ್ನೇ ಹಂಚಿಸಿದರು. ಮನುಷ್ಯರ ಜೀವ ಉಳಿಸಿದ ವಂಶ ನಮ್ಮದು.

ನಾನು: ಅದು ಮನುಷ್ಯರ ಮಾತಾಯಿತು. ಕುದುರೆಗೆ?

ಡಬ್ಬಿ: (ದನಿ ತಗ್ಗಿಸಿ) ಮಾಲಕರು ಬಂದರೇ? ಇಲ್ಲವಲ್ಲ? ಹಾಗಾದರೆ ಹೇಳುತ್ತೇನೆ. ಕುದುರೆಯ ದೊಡ್ಡ ಕರುಳಿನಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳಿವೆ, ಮೇವನ್ನು ಹುಳಿಯೇರಿಸುತ್ತ ಬಿ ಜೀವಸತ್ವವನ್ನು ಅವೇ ಮಾಡಿಕೊಡುತ್ತವೆ. ಒಳ್ಳೆಯ ಕಣಿಕೆ, ಹುಲ್ಲು ತಿಂದು ಗಟ್ಟಿಯಾಗಿರುವ ಕುದುರೆಗೆ ನನ್ನಿಂದ ಆಗಬೇಕಾದದ್ದು ಬಹಳಿಲ್ಲ. ಮುದಿಯಾಗಿದ್ದರೆ, ಜಡ್ಡಿನಿಂದ ಎದ್ದಿದ್ದರೆ, ಕಾಳು ಹೆಚ್ಚಾಗಿ ಮೇವು ಕಡಿಮೆಯಾಗಿದ್ದರೆ, ಆಗ ಕರೆಯಿರಿ.

ನಾನು: ಗೊರಸು ಗಟ್ಟಿಯಾಗುತ್ತದೆಂದು ನಿಮ್ಮ ಮೈಮೇಲೆ ಬರೆದಿದೆ.

ಡಬ್ಬಿ: ಚಿತ್ರದಲ್ಲಿ ಅರಬಿ ಕುದುರೆಯೂ ಇದೆ! ಗೊರಸಿಗೆ ಬಯೋಟಿನ್ ಎಂಬ ಬಿ ಜೀವಸತ್ವ ಬೇಕು, ದಿನಕ್ಕೆ 15ರಿಂದ 20 ಮಿಲಿಗ್ರಾಂ. ನನ್ನ 50 ಗ್ರಾಂನಲ್ಲಿ ಒಂದು ಮಿಲಿಗ್ರಾಂನ ಹತ್ತನೆಯ ಭಾಗವೂ ಸಿಗುವುದಿಲ್ಲ. ಸಾಕಷ್ಟು ಕೊಟ್ಟರೂ ಫಲ ಕಾಣಲು ಆರು, ಒಂಬತ್ತು ತಿಂಗಳು ಬೇಕು, ಗೊರಸು ಮೇಲಿಂದ ಬೆಳೆದು ಕೆಳಗಿಳಿಯಬೇಕಲ್ಲ.

ನಾನು: ಆದರೆ ಅಂಗಡಿಯವರು ‘ಜೀವಂತ ಯೀಸ್ಟು, ಹೊಟ್ಟೆಗೆ ಬಲ’ ಎಂದು ಮಾರುತ್ತಾರೆ.

ಡಬ್ಬಿ: ಅಲ್ಲೇ ಇರುವುದು ಮೋಸ. ಜೀವಂತವಾಗಿರುವವನು ನನ್ನ ತಮ್ಮ. ನಾರು ಅರಗಿಸಲು ಕರುಳಿನ ಸೂಕ್ಷ್ಮಜೀವಿಗಳಿಗೆ ನೆರವಾಗುವವನು ಅವನು. ಅವನ ಚೀಟಿಯ ಮೇಲೆ ಒಂದು ಗ್ರಾಂನಲ್ಲಿ ಇಷ್ಟು ಕೋಟಿ ಜೀವಕಣ ಎಂದು ಲೆಕ್ಕ ಇರಬೇಕು, ತಳಿಯ ಹೆಸರೂ ಇರಬೇಕು. ಲೆಕ್ಕ ಬರೆಯದೆ ‘ಜೀವಂತ’ ಎಂದಷ್ಟೇ ಬರೆದಿದ್ದರೆ ನನ್ನ ಹೆಣಕ್ಕೇ ತಮ್ಮನ ಹೆಸರಿಟ್ಟಿದ್ದಾರೆ ಅಂದುಕೊಳ್ಳಿ. ಇನ್ನು ಕೆಲವರು ಬೇಕರಿಯ ಯೀಸ್ಟ್ ತಂದು ಬೆಲ್ಲದ ನೀರು, ಬೆಚ್ಚಗಿನ ಹುರುಳಿಗೆ ಕಲಸುತ್ತಾರೆ. ಅವನು ಬಕೆಟ್ಟಿನಲ್ಲೇ ನೊರೆ ಎಬ್ಬಿಸಿಬಿಡುತ್ತಾನೆ. ಒಲೆಯಿಂದ ಇಳಿಸಿದ ಸುಡುಸುಡು ಹುರುಳಿಗೆ ಹಾಕಿದರೋ, ಅಲ್ಲೇ ಸಾಯುತ್ತಾನೆ.

ಹುರುಳಿ: ನನ್ನ ಕೈಲಿ ಕೊಲೆ ಮಾಡಸ್ತಾರ್ರಿ.

ನಾನು: ಕೊಳ್ಳಲೇಬೇಕಾದವರು ನಿಮ್ಮನ್ನು ಪರೀಕ್ಷಿಸುವುದು ಹೇಗೆ?

ಡಬ್ಬಿ: ಮುಚ್ಚಳ ತೆಗೆದು ಮೂಸಬೇಕು. ಹುರಿದ ಕಾಳಿನಂಥ ಘಮ ಇರಬೇಕು, ಮುಗ್ಗಲು ವಾಸನೆ ಇರಬಾರದು. ಬಣ್ಣ ತಿಳಿ ಕಂದು, ಪುಡಿ ಬೆರಳ ಸಂದಿಯಿಂದ ಉದುರಬೇಕು. ಗಂಟು ಕಂಡರೆ ತೇವ ತಗಲಿದೆ ಎಂದು ಲೆಕ್ಕ. ಗಂಟು ಒಡೆದಾಗ ಹಸಿರೋ ಬೂದಿಯೋ ಬೂಷ್ಟು ಕಂಡರೆ ಮೇಲಿನದನ್ನು ಚೆಲ್ಲಿ ತಳದ್ದನ್ನು ಹಾಕಬೇಡಿ, ಡಬ್ಬಿಯನ್ನೇ ಎಸೆಯಿರಿ. ಬೂಷ್ಟಿನ ವಿಷ ಕಣ್ಣಿಗೆ ಕಾಣುವ ಜಾಗದಲ್ಲೇ ನಿಲ್ಲುವುದಿಲ್ಲ. ಹಿಟ್ಟು ಬೆರೆಸಿದ್ದಾರೆಂಬ ಗುಮಾನಿ ಬಂದರೆ ಗಾಯಕ್ಕೆ ಹಚ್ಚುವ ಅಯೋಡಿನ್ ತನ್ನಿ. ಚಿಟಿಕೆ ಪುಡಿಯನ್ನು ನೀರಿನಲ್ಲಿ ಕಲಸಿ ಒಂದು ಹನಿ ಹಾಕಿ. ಕಡುನೀಲಿಗೆ ತಿರುಗಿದರೆ ಯಾವುದೋ ಅಗ್ಗದ ಹಿಟ್ಟು ನನ್ನ ಹೆಸರಿನಲ್ಲಿ ಬಂದಿದೆ. ಎಲ್ಲಕ್ಕಿಂತ ಮೊದಲು ತಯಾರಾದ ತಿಂಗಳು ನೋಡಿ. ಖುಲ್ಲಾ ತೂಗಿ ಕೊಡುವ ಪುಡಿಗೆ ಹುಟ್ಟಿದ ದಿನವೂ ಇಲ್ಲ, ತಂದೆತಾಯಿಯೂ ಇಲ್ಲ.

ನಾನು: 25 ಕಿಲೋ ಚೀಲ ತಂದರೆ ಅಗ್ಗ ಬೀಳುತ್ತದಂತೆ.

ಡಬ್ಬಿ: ದಿನಕ್ಕೆ 50 ಗ್ರಾಂ ಲೆಕ್ಕದಲ್ಲಿ ಒಂದು ಕುದುರೆಗೆ 25 ಕಿಲೋ ಎಷ್ಟು ದಿನ ಬರುತ್ತದೆ? 500 ದಿನ! ಎರಡು ಬೇಸಿಗೆ, ಒಂದು ಮಳೆಗಾಲ. ಅಷ್ಟರಲ್ಲಿ ನಾನು ಕೆಟ್ಟಿರುತ್ತೇನೆ, ಇಲ್ಲವೇ ಹುಳ ತಿಂದಿರುತ್ತದೆ. ಒಂದು ಕಿಲೋ ತನ್ನಿ, ಇಪ್ಪತ್ತು ದಿನಕ್ಕೆ ಮುಗಿಸಿ.

ಹುರುಳಿ: ಅಗ್ಗ ಅಂತ ತಂದವರು ಕಡೀಗಿ ಇಲಿ ಸಾಕ್ತಾರ್ರಿ.

ನಾನು: ಮತ್ತೆ ಇಡುವುದೆಲ್ಲಿ?

ಡಬ್ಬಿ: (ತಲೆಯ ಮೇಲಿನ ಪತ್ರಾಸು ತೋರಿಸಿ) ಇಲ್ಲಿ ಮಾತ್ರ ಬೇಡ. ಈ ಕಾವಿಗೆ ನನ್ನಲ್ಲಿರುವ ಥಯಮಿನ್ ಎಂಬ ಬಿ ಜೀವಸತ್ವ ದಿನದಿನವೂ ಸೋರಿಹೋಗುತ್ತಿದೆ. ತಾವು ಬರುವ ಮೊದಲು ನಾನು ಇನ್ನೂ ಸ್ವಲ್ಪ ಬುದ್ಧಿವಂತನಾಗಿದ್ದೆ. ಫ್ರಿಜ್ಜಿಗೂ ಹಾಕಬೇಡಿ. ಅದು ತಮ್ಮನ ಜಾಗ. ನನ್ನನ್ನು ದಿನಕ್ಕೆರಡು ಸಲ ಒಳಗಿಟ್ಟು ಹೊರಗೆ ತೆಗೆದರೆ ಮುಚ್ಚಳದೊಳಗೆ ಬೆವರು ಕೂತು ನಾನೇ ಮುದ್ದೆಯಾಗುತ್ತೇನೆ.

ಹುರುಳಿ: ನಮ್ಮ ಜ್ವಾಳಕ್ಕ ಹಿರ್ಯಾರು ನೆಲದಾಗ ಹಗೇವು ತೋಡಿದ್ರು. ವರ್ಷಗಟ್ಟಲೆ ಇರ್ತಿತ್ತು.

ಡಬ್ಬಿ: ಹಗೇವಿಗೆ ನಾನು ಆಗಿಬರುವುದಿಲ್ಲ ಅಜ್ಜ, ನಾನು ತೇವ ಕುಡಿಯುವವನು. ಆದರೆ ಹಿರಿಯರು ಕಟ್ಟಿದ ಮಣ್ಣಿನ ದಪ್ಪ ಗೋಡೆಯ ಒಳಕೋಣೆ ಇದೆಯಲ್ಲ, ಏಪ್ರಿಲ್‌ನಲ್ಲೂ ತಣ್ಣಗಿರುವುದು? ಅಲ್ಲಿ ಸ್ಟೀಲ್ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿ, ನೆಲಕ್ಕೆ ತಾಗದಂತೆ ಹಲಗೆಯ ಮೇಲಿಡಿ. ಒಣ ಚಮಚ ಬೇಕು. ಕುದುರೆ ಮೈ ತೊಳೆದ ಕೈಯನ್ನು ಹಾಗೇ ಒಳಗೆ ಹಾಕುತ್ತಾರೆ ನೋಡಿ, ಅವರಿಗೆ ಶಾಪ ಹಾಕಿದ್ದೇನೆ. ಇನ್ನೊಂದು ಮಾತು. ಹತ್ತಿ ಹೊಲಕ್ಕೆ ಹೊಡೆಯುವ ಔಷಧದ ಡಬ್ಬಿಗಳ ಪಕ್ಕ ನನ್ನನ್ನು ಇಡಬೇಡಿ. ಅಂಗಡಿಯಲ್ಲೇ ಹಾಗಿಟ್ಟಿದ್ದರೆ ಕೊಳ್ಳಲೇಬೇಡಿ.

ನಾನು: ಮೊದಲ ದಿನವೇ 50 ಗ್ರಾಂ ಹಾಕಬಹುದೆ?

ಡಬ್ಬಿ: ಕಹಿಗೆ ಮೂತಿ ತಿರುಗಿಸುತ್ತದೆ. ಒಂದು ಚಮಚದಿಂದ ಶುರುಮಾಡಿ ವಾರ, ಹತ್ತು ದಿನದಲ್ಲಿ ಏರಿಸಿ. ತಿನ್ನಿಸುವ ಹೊತ್ತಿಗೇ ಕಲಸಬೇಕು, ಮುಂಜಾನೆ ಕಲಸಿಟ್ಟದ್ದು ಸಂಜೆಗೆ ಹುಳಿಯಾಗುತ್ತದೆ. ಇನ್ನೊಂದು, ನನ್ನಲ್ಲಿ ರಂಜಕ ಹೆಚ್ಚು, ಸುಣ್ಣದಂಶ ಕಡಿಮೆ. ತೌಡಿನದೂ ಅದೇ ಗುಣ. ಬಕೆಟ್ ತುಂಬ ತೌಡು ಹಾಕಿ ಮೇಲೆ ನನ್ನನ್ನೂ ಸುರಿದು ಬಲ ಬಂತೆಂದು ಕೂತರೆ ಕುದುರೆಯ ಎಲುಬಿಗೇ ಪೆಟ್ಟು.

ಮಾಲಕರು ಚಹಾ ಹಿಡಿದು ಬಂದರು. ಇಬ್ಬರೂ ಗಪ್ಪಾದರು. ಕುದುರೆ ಗ್ವಾದಲಿಯ ಅಂಚನ್ನು ನೆಕ್ಕುತ್ತಿತ್ತು. ಬೆವರು ಒಣಗಿ ಅದರ ಮೈಮೇಲೆ ಬಿಳಿ ಗೆರೆ ಮೂಡಿತ್ತು, ಹಿಂದಿನ ರಾತ್ರಿ ಮೂರು ತಾಸು ಡಿಜೆ ಮುಂದೆ ಕುಣಿದು ಬಂದಿತ್ತಂತೆ. “ಉಪ್ಪಿನ ಹೆಂಟಿ ಇಟ್ಟೀರೇನ್ರಿ?” ಎಂದೆ. “ಇಲ್ರಿ, ಅದಕ್ಕ ಅಂತೇ ಈ ಡಬ್ಬಿ ತಂದೀನಲ್ರಿ, ಎಲ್ಲಾ ಇದರಾಗ ಅದ ಅಂದ್ರು ಪ್ಯಾಟಿ ಅಂಗಡಿಯವ್ರು” ಎಂದರು. ಬೆವರಿನಲ್ಲಿ ಹೋದ ಉಪ್ಪಿಗೆ ಉಪ್ಪೇ ಬೇಕು, ನೀರೇ ಬೇಕು ಎಂದು ಹೇಳಿ, ಡಬ್ಬಿಯ ಮಾತು ನೆನಪಾಗಿ ಅದನ್ನು ಕೈಗೆತ್ತಿಕೊಂಡು ತಿರುಗಿಸಿದೆ. ತಯಾರಾದ ತಿಂಗಳು ಇರಬೇಕಾದ ಜಾಗದಲ್ಲಿ ಬೆಲೆಯ ಚೀಟಿ ಅಂಟಿಸಿದ್ದರು. ಉಗುರಿನಿಂದ ಮೆಲ್ಲಗೆ ಕೆರೆದೆ. ಕೆಳಗಿದ್ದ ತಾರೀಖು ಹೋದ ವರ್ಷದ ಕಾರಹುಣ್ಣಿಮೆಗೂ ಹಿಂದಿನದು.