ಎಲ್ಲವೂ ಒಂದೇ ಪರದೆಯಲ್ಲಿ, ಸಾಹುಕಾರರೇ!

ಬುಡಬುಡಿಕೆಯವನು ನಸುಕಿನಲ್ಲಿ ಬಾಗಿಲ ಮುಂದೆ ನಿಂತು ಹೇಳುತ್ತಿದ್ದ: ಮನೆಯಲ್ಲಿ ಎಲ್ಲ ಇದೆ, ನೆಮ್ಮದಿ ಒಂದಿಲ್ಲ, ಒಳಗಿನವರೇ ಒಬ್ಬರ ಜೊತೆ ಒಬ್ಬರು ಮಾತಾಡುತ್ತಿಲ್ಲ. ಅವನ ಕಸುಬು ಅಳಿಯಿತೆಂದು ಮರುಗುವವರು ಯಾವುದಾದರೂ ಮಧ್ಯಮ ಗಾತ್ರದ ಕಂಪನಿಯ ಮೀಟಿಂಗ್ ರೂಮಿಗೆ ಬೆಳಿಗ್ಗೆ ಹತ್ತೂವರೆಗೆ ಹೋಗಿ ಕೂರಬೇಕು. ಬುಡಬುಡಿಕೆಯ ಜಾಗದಲ್ಲಿ ಲ್ಯಾಪ್‌ಟಾಪ್, ಪೇಟದ ಜಾಗದಲ್ಲಿ ಟೈ. "ಸಾರ್, ನಿಮ್ಮಲ್ಲಿ ಎಲ್ಲವೂ ಇದೆ. ಬಿಲ್ಲಿಂಗಿಗೆ ಒಂದು, ಸ್ಟಾಕಿಗೆ ಒಂದು, ಸಂಬಳಕ್ಕೆ ಒಂದು ಸಾಫ್ಟ್‌ವೇರ್. ಆದರೆ ಒಂದಕ್ಕೊಂದು ಮಾತಾಡುತ್ತಿಲ್ಲ." ಮಾಲೀಕರ ಮುಖ ಸಪ್ಪಗಾಗುತ್ತದೆ. ಪರಿಹಾರವೂ ಬ್ಯಾಗಿನಲ್ಲೇ ಇದೆ. ತಾಯಿತವಾದರೆ ಒಮ್ಮೆ ಕಟ್ಟಿದರೆ ಮುಗಿಯಿತು, ಇದನ್ನು ವರ್ಷವರ್ಷವೂ ರಿನ್ಯೂ ಮಾಡಿಸಬೇಕು.

ಆಮೇಲೆ ಚಿತ್ರ ಬರುತ್ತದೆ. ನಡುವೆ ಒಂದು ದೊಡ್ಡ ವೃತ್ತ, ಸುತ್ತ ಖರೀದಿ, ಗೋದಾಮು, ಮಾರಾಟ, ಲೆಕ್ಕಪತ್ರ ಎಂಬ ಚೌಕಗಳು, ಎಲ್ಲದರಿಂದ ನಡುವಿಗೂ ನಡುವಿನಿಂದ ಎಲ್ಲಕ್ಕೂ ಬಾಣಗಳು. ಚಿತ್ರದಲ್ಲಿ ಕೆಲಸ ಮಾಡುವ ಮನುಷ್ಯರು ಯಾರೂ ಇಲ್ಲ. ಮೂಲೆಯಲ್ಲಿ ಒಬ್ಬ ಗ್ರಾಹಕ ಹಲ್ಲು ಬಿಟ್ಟು ನಗುತ್ತಿರುತ್ತಾನೆ, ಅವನು ಯಾವುದೋ ತಣ್ಣಗಿನ ದೇಶದವನು. "ಗೋದಾಮಿನಿಂದ ಮಾಲು ಹೊರಬಿದ್ದ ಕ್ಷಣವೇ ಲಾಭ ಎಷ್ಟು ಅಂತ ನಿಮ್ಮ ಮೊಬೈಲಲ್ಲಿ ಕಾಣುತ್ತೆ ಸಾರ್, ಎಲ್ಲವೂ ಒಂದೇ ಪರದೆಯಲ್ಲಿ!" ಲಾಭವಿಲ್ಲದಿದ್ದರೆ ಏನು ಕಾಣುತ್ತದೆ ಎಂದು ಯಾರೂ ಕೇಳುವುದಿಲ್ಲ. ಆ ಹೊತ್ತಿಗೆ ಬಿಸ್ಕತ್ತು ಬಂದಿರುತ್ತದೆ.

ಹುಬ್ಬಳ್ಳಿಯ ಒಂದು ಹೋಲ್‌ಸೇಲ್ ಅಂಗಡಿಯನ್ನು ಊಹಿಸಿಕೊಳ್ಳಿ. ಲೆಕ್ಕಕ್ಕೆ ಬೆಂಗಳೂರಿನಲ್ಲೇ ಬೆಳೆದ ಟ್ಯಾಲಿ, ಗೋದಾಮಿಗೆ ಉದ್ದನೆಯ ರಿಜಿಸ್ಟರು, ಆರ್ಡರಿಗೆ ವಾಟ್ಸಾಪ್, ಉದ್ರಿಗೆ ಕೆಂಪು ರಟ್ಟಿನ ಪುಸ್ತಕ. ನಾಲ್ಕೂ ಒಂದಕ್ಕೊಂದು ಮಾತಾಡುವುದಿಲ್ಲ, ನಿಜ. ಅವುಗಳ ಪರವಾಗಿ ಗುಮಾಸ್ತರು ಮಾತಾಡುತ್ತಾರೆ. "ಸಾಹುಕಾರ್ರ, ಟ್ಯಾಲಿಯೊಳಗ ನಲವತ್ತು ಚೀಲ ಅಂತ ಐತಿ, ಆದ್ರ ಆರು ಚೀಲ ಮಳಿಗೆ ತೊಯ್ದಾವ್ರಿ. ಆ ಗದಗದ ಪಾರ್ಟಿಗೆ ಉದ್ರಿ ಕೊಡಬ್ಯಾಡ್ರಿ, ಮಗಳ ಲಗ್ನ ಐತಿ, ದೀಪಾವಳಿ ತನಕ ರೊಕ್ಕ ಬರಂಗಿಲ್ಲ." ಈ ಎರಡು ಮಾತಿನಲ್ಲಿ ದಾಸ್ತಾನು, ಲೆಕ್ಕಪತ್ರ, ಗ್ರಾಹಕ ಸಂಬಂಧ, ಸಾಲದ ಅಪಾಯ, ನಗದಿನ ಮುನ್ನಂದಾಜು ಎಲ್ಲ ಮಾಡ್ಯೂಲುಗಳೂ ಅಡಗಿವೆ. ಇಂಟರ್‌ಫೇಸ್ ಶುಲ್ಕ ಎರಡು ಹೊತ್ತಿನ ಚಹಾ. ಆ ಅಂಗಡಿಯಲ್ಲಿ ಸಮಗ್ರ ವ್ಯವಸ್ಥೆ ಮೊದಲೇ ಇತ್ತು, ಅದು ಮೂಲೆಯ ಮೇಜಿನ ಹಿಂದೆ ಕನ್ನಡಕ ಹಾಕಿಕೊಂಡು ಕೂತಿತ್ತು. ಹೊಸ ವ್ಯವಸ್ಥೆಯಿಂದ ಉಳಿತಾಯ ಯಾವುದರಲ್ಲಿ ಎಂಬುದನ್ನು ಸ್ಲೈಡಿನ ಕೊನೆಯ ಸಾಲು ಹೇಳುತ್ತದೆ: ಅವರ ಸಂಬಳದಲ್ಲಿ.

ಈ ಜೋಡಣೆಯ ಕನಸಿನ ಮೂಲ ಉದಾತ್ತವಾದದ್ದು. 1972ರಲ್ಲಿ ಐಬಿಎಂ ಬಿಟ್ಟು ಬಂದ ಐವರು ಎಂಜಿನಿಯರುಗಳು ಜರ್ಮನಿಯಲ್ಲಿ ಎಸ್‌ಎಪಿ ಕಂಪನಿ ಕಟ್ಟಿದರು. ಒಂದು ಕಡೆ ಬರೆದದ್ದನ್ನು ಇನ್ನೊಂದು ಕಡೆ ಮತ್ತೆ ಬರೆಯಬಾರದು, ಒಮ್ಮೆ ದಾಖಲಾದರೆ ಇಡೀ ಕಂಪನಿಗೆ ಗೊತ್ತಾಗಬೇಕು ಎಂಬುದು ತತ್ವ. 1992ರಲ್ಲಿ ಅವರ ಆರ್/3 ಎಂಬ ಸಾಫ್ಟ್‌ವೇರ್ ಬಂದ ಮೇಲೆ ಜಗತ್ತಿನ ದೊಡ್ಡ ಕಂಪನಿಗಳೆಲ್ಲ ಇದರ ಹಿಂದೆ ಬಿದ್ದವು. ತತ್ವದ ಇನ್ನೊಂದು ಮಗ್ಗುಲನ್ನು ಯಾರೂ ಸ್ಲೈಡಿನಲ್ಲಿ ಹಾಕಲಿಲ್ಲ: ತಪ್ಪನ್ನೂ ಒಮ್ಮೆ ಬರೆದರೆ ಸಾಕು. ಹಿಂದೆ ಒಂದು ತಪ್ಪು ಗೋದಾಮಿನಿಂದ ಹೆಡ್ ಆಫೀಸಿಗೆ ತಲುಪಲು ವಾರ ಬೇಕಿತ್ತು, ದಾರಿಯಲ್ಲಿ ನಾಲ್ಕು ಜನ ಗುಮಾಸ್ತರು ಅದನ್ನು ಹಿಡಿದು ಕಿವಿ ಹಿಂಡುತ್ತಿದ್ದರು. ಈಗ ಅದಕ್ಕೆ ಎಕ್ಸ್‌ಪ್ರೆಸ್‌ವೇ ಸಿಕ್ಕಿದೆ.

ಅಮೆರಿಕದ ಹರ್ಷೀಸ್ ಕಂಪನಿಯ ಕತೆಯನ್ನು ಮ್ಯಾನೇಜ್‌ಮೆಂಟ್ ಓದುವ ಮಕ್ಕಳಿಗೆ ಇವತ್ತಿಗೂ ಪಾಠವಾಗಿ ಕಲಿಸುತ್ತಾರೆ. ಚಾಕೊಲೇಟ್ ಮಾರಿ ಬದುಕುವ ಕಂಪನಿ. 11.2 ಕೋಟಿ ಡಾಲರ್ ಸುರಿದು, ಆರ್/3 ಜೊತೆಗೆ ಇನ್ನೆರಡು ಕಂಪನಿಗಳ ಸಾಫ್ಟ್‌ವೇರ್ ಹೆಣೆದು, ಆರ್ಡರು, ಯೋಜನೆ, ಸಾಗಣೆ ಎಲ್ಲವನ್ನೂ ಒಂದು ಮಾಡಲು ಹೊರಟಿತು. ನಾಲ್ಕು ವರ್ಷ ಬೇಕು ಎಂದವರಿಗೆ ಮೂವತ್ತು ತಿಂಗಳಲ್ಲಿ ಮುಗಿಸಿ ಎಂದಿತು, 2000ನೇ ಇಸವಿ ಹುಟ್ಟಿದೊಡನೆ ಕಂಪ್ಯೂಟರುಗಳೆಲ್ಲ ಮಂಕಾಗುತ್ತವೆ ಎಂಬ ಭಯದ ಕಾಲ ಅದು. ಕಡೆಗೂ 1999ರ ಜುಲೈಯಲ್ಲಿ ಸ್ವಿಚ್ ಒತ್ತಿದರು. ಮಕ್ಕಳು ಮನೆಮನೆಗೆ ಹೋಗಿ ಮಿಠಾಯಿ ಕೇಳುವ ಹ್ಯಾಲೋವೀನ್ ಹಬ್ಬಕ್ಕೆ ಅಂಗಡಿಗಳು ಆರ್ಡರ್ ಹಾಕುವ ಹೊತ್ತಿಗೆ ಸರಿಯಾಗಿ. ಗಣೇಶ ಚೌತಿಯ ವಾರದಲ್ಲಿ ಮಿಠಾಯಿ ಅಂಗಡಿಯವನು ಒಲೆ ಕಿತ್ತು ಹೊಸದು ಹಾಕಿಸುವುದಿಲ್ಲ, ಆದರೆ ಅವನು ಎಂಬಿಎ ಓದಿಲ್ಲ.

ಮಾಲು ಇರಲಿಲ್ಲವೇ? ಇತ್ತು, ರಾಶಿ ರಾಶಿ ಇತ್ತು. ಹಬ್ಬದ ಒತ್ತಡದಲ್ಲಿ ಸಿಕ್ಕ ಸಿಕ್ಕ ಜಾಗದಲ್ಲಿ ಪೆಟ್ಟಿಗೆ ಪೇರಿಸುವುದು ಅಲ್ಲಿನ ಹಳೆಯ ರೂಢಿ. ಆ ತಾತ್ಕಾಲಿಕ ಜಾಗಗಳು ಗೋದಾಮಿನ ಜನರಿಗೆ ಗೊತ್ತಿದ್ದವು, ಹೊಸ ವ್ಯವಸ್ಥೆಯ ಪಟ್ಟಿಯಲ್ಲಿರಲಿಲ್ಲ. ಪಟ್ಟಿಯಲ್ಲಿಲ್ಲದ ಜಾಗದಲ್ಲಿರುವ ಚಾಕೊಲೇಟ್ ಕಂಪ್ಯೂಟರಿನ ಪ್ರಕಾರ ಚಾಕೊಲೇಟೇ ಅಲ್ಲ. ಹೀಗಾಗಿ 10 ಕೋಟಿ ಡಾಲರಿನ ಆರ್ಡರುಗಳು ಹಾಗೇ ನಿಂತವು, ಆ ಮೂರು ತಿಂಗಳ ಲಾಭ ಶೇ. 19ರಷ್ಟು ಕುಸಿಯಿತು. ಎದುರಿಗೇ ಮಾಲು, ಕೈಯಲ್ಲಿ ಆರ್ಡರು, ನಡುವೆ ಒಪ್ಪಿಗೆ ಕೊಡದ ಪರದೆ. ಕಂಪನಿ ಆಮೇಲೆ ಪಾಠ ಕಲಿತು 2002ರಲ್ಲಿ ಸಾವಧಾನವಾಗಿ ಹೊಸ ಆವೃತ್ತಿಗೆ ಬದಲಾಯಿತು, ಏನೂ ಅನಾಹುತವಾಗಲಿಲ್ಲ ಎಂಬುದನ್ನೂ ಹೇಳಬೇಕು. ಆ ಭಾಗ ಮಾತ್ರ ಪಾಠದಲ್ಲಿ ಅಷ್ಟು ಪ್ರಸಿದ್ಧವಾಗಲಿಲ್ಲ. ಸಾವಧಾನದ ಕತೆ ಯಾರಿಗೆ ಬೇಕು?

ಟಾರ್ಗೆಟ್ ಎಂಬ ಅಮೆರಿಕದ ಅಂಗಡಿ ಸರಣಿ 2013ರಲ್ಲಿ ಕೆನಡಾಕ್ಕೆ ಕಾಲಿಟ್ಟಿತು. ಹೊಸ ದೇಶ, ಹೊಸ ವ್ಯವಸ್ಥೆ, ಹಳೆಯ ಗುಮಾಸ್ತರ ಕಾಟವೇ ಇಲ್ಲ. ಸಾವಿರಾರು ವಸ್ತುಗಳ ವಿವರವನ್ನು ಹುಡುಗರು ಅವಸರದಲ್ಲಿ ತುಂಬಿದರು. ಸೆಂಟಿಮೀಟರ್ ಇರಬೇಕಾದಲ್ಲಿ ಇಂಚು, ಉದ್ದದ ಜಾಗದಲ್ಲಿ ಅಗಲ. ಈ ಅಂಕಿಗಳನ್ನು ನಂಬಿ ವ್ಯವಸ್ಥೆ ಶಿಸ್ತಾಗಿ ತನ್ನ ಕೆಲಸ ಮಾಡಿತು. ಗೋದಾಮುಗಳು ಬಿರಿಯುವಂತೆ ತುಂಬಿದವು, ಅಂಗಡಿಯ ಕಪಾಟುಗಳು ಬರಿದಾದವು. 2015ರ ಜನವರಿಯಲ್ಲಿ 133 ಅಂಗಡಿಗಳನ್ನೂ ಮುಚ್ಚುವುದಾಗಿ ಘೋಷಿಸಿದರು, 17,000ಕ್ಕೂ ಹೆಚ್ಚು ಜನರ ಕೆಲಸ ಹೋಯಿತು. ಬರೀ ಇಂಚಿನಿಂದಲೇ ಹೀಗಾಯಿತು ಎಂದರೆ ಅನ್ಯಾಯವಾದೀತು, ಬೆಲೆ, ಜಾಗ, ಅವಸರ ಎಲ್ಲವೂ ಸೇರಿದ್ದವು. ಆದರೆ ಪೆಟ್ಟಿಗೆಯನ್ನು ಒಮ್ಮೆ ಕೈಯಲ್ಲಿ ಎತ್ತಿ ನೋಡಿದ ಯಾರಾದರೂ ಆ ಇಂಚನ್ನು ಒಪ್ಪುತ್ತಿರಲಿಲ್ಲ.

ಜರ್ಮನಿಯ ಲಿಡ್ಲ್‌ನದು ಸ್ವಾಭಿಮಾನದ ದುರಂತ. ಸರಕಿನ ಮೌಲ್ಯವನ್ನು ಕೊಂಡ ಬೆಲೆಯಲ್ಲಿ ಲೆಕ್ಕ ಹಾಕುವುದು ಆ ಕಿರಾಣಿ ದೈತ್ಯನ ಪದ್ಧತಿ, ತಂದ ಸಾಫ್ಟ್‌ವೇರಿನ ಪದ್ಧತಿ ಮಾರುವ ಬೆಲೆಯದು. ನಮ್ಮ ರೂಢಿ ಬದಲಿಸೆವು, ಸಾಫ್ಟ್‌ವೇರನ್ನೇ ಬದಲಿಸಿ ಎಂದರು. ಬದಲಿಸುವುದಕ್ಕೆ ಕನ್ಸಲ್ಟೆಂಟುಗಳಿಗೆ ಬೇಸರವೇನೂ ಇರಲಿಲ್ಲ. ಏಳು ವರ್ಷ ಬದಲಿಸಿ, ಸುಮಾರು 50 ಕೋಟಿ ಯೂರೋ ಖರ್ಚಾದ ಮೇಲೆ 2018ರಲ್ಲಿ ಯೋಜನೆ ಕೈಬಿಟ್ಟು ಹಳೆಯ ವ್ಯವಸ್ಥೆಗೇ ಮರಳಿದರು.

ಇದನ್ನೆಲ್ಲ ಓದಿ ನಗುವ ಹಕ್ಕು ಕರ್ನಾಟಕದವರಿಗೆ ಅಷ್ಟಾಗಿ ಇಲ್ಲ. 1998ರಲ್ಲಿ ಎಸ್‌ಎಪಿ ಬೆಂಗಳೂರಿನಲ್ಲೇ ಪ್ರಯೋಗಾಲಯ ತೆರೆಯಿತು, ನಮ್ಮ ಸಾಫ್ಟ್‌ವೇರ್ ಕಂಪನಿಗಳಿಗೆ ಜಗತ್ತಿನ ಕಂಪನಿಗಳನ್ನು ಒಳಗೊಳಗೇ ಜೋಡಿಸಿಕೊಡುವುದು ದೊಡ್ಡ ಕಸುಬು. ಅಲ್ಲೆಲ್ಲೋ ಗೋ-ಲೈವ್, ಅಂದರೆ ಹೊಸ ವ್ಯವಸ್ಥೆಯ ಸ್ವಿಚ್ ಒತ್ತುವ ದಿನ, ಇದ್ದರೆ ಇಲ್ಲಿ ಶಿರಸಿಯ ತಾಯಿಗೆ ಫೋನ್ ಹೋಗುತ್ತದೆ, "ಅಮ್ಮಾ, ಈ ಯುಗಾದಿಗೂ ಬರೋಕಾಗಲ್ಲ." ಯೋಜನೆ ಗೆದ್ದರೆ ಒಂದು ಸಲದ ದುಡ್ಡು. ಸೋತರೆ ಜೋಡಿಸಿದ್ದಕ್ಕೊಂದು, ಬಿಚ್ಚಿದ್ದಕ್ಕೊಂದು, ಮತ್ತೆ ಕಟ್ಟಿದ್ದಕ್ಕೊಂದು. ವೈಟ್‌ಫೀಲ್ಡಿನ ಎಷ್ಟೋ ಫ್ಲ್ಯಾಟುಗಳ ಕಂತು ಕಟ್ಟಿದ್ದು ಗೆಲುವೋ ಸೋಲೋ ಎಂದು ಬ್ಯಾಂಕು ಕೇಳುವುದಿಲ್ಲ. ಸಮಗ್ರ ವ್ಯವಸ್ಥೆಯಿಂದ ವ್ಯಾಪಾರಕ್ಕೆ ಲಾಭವಿದೆಯೇ ಎಂದರೆ ಖಂಡಿತ ಇದೆ, ಯಾವ ವ್ಯಾಪಾರಕ್ಕೆ ಎಂದು ಕೇಳುವುದು ಅಸಭ್ಯತೆ.

ಇನ್ನು ಕೊಂಡವರ ಆಫೀಸಿಗೆ ಬಂದರೆ, ಕೋಟಿಗಟ್ಟಲೆ ಕೊಟ್ಟು ಜೋಡಿಸಿದ ಮೇಲೆ ಎಲ್ಲರೂ ಮೊದಲು ಹುಡುಕುವುದು "ಎಕ್ಸೆಲ್‌ಗೆ ಡೌನ್‌ಲೋಡ್" ಎಂಬ ಗುಂಡಿಯನ್ನು. ಅಕೌಂಟ್ಸಿನವರದು ಒಂದು ಎಕ್ಸೆಲ್, ಮಾರಾಟದವರದು ಇನ್ನೊಂದು, ಎರಡೂ ತಾಳೆಯಾಗುವುದಿಲ್ಲ. ತಾಳೆ ಮಾಡಲು ಹೊಸ ಹುದ್ದೆ ಸೃಷ್ಟಿಯಾಗುತ್ತದೆ. ಆ ಹುದ್ದೆಗೆ ಇಂಗ್ಲಿಷಿನಲ್ಲಿ ಉದ್ದನೆಯ ಹೆಸರು, ಗುಮಾಸ್ತರ ನಾಲ್ಕು ಪಟ್ಟು ಸಂಬಳ. ಮಳೆಗೆ ತೊಯ್ದ ಆರು ಚೀಲ ಅವನಿಗೂ ಗೊತ್ತಿಲ್ಲ.

ಹಾಗಂತ ಜೋಡಣೆಯೇ ಕೆಡುಕು ಎನ್ನಲಾಗದು, ಅಂಥ ಮಾತು ಹಳ್ಳಿಯ ಹಾಲಿನ ಡೈರಿಯ ಮುಂದೆ ನಿಲ್ಲುವುದಿಲ್ಲ. ತೂಕದ ಎಲೆಕ್ಟ್ರಾನಿಕ್ ಯಂತ್ರ, ಕೊಬ್ಬು ಅಳೆಯುವ ಅನಲೈಸರ್, ಒಂದು ಕಂಪ್ಯೂಟರು, ಚೀಟಿ ಮುದ್ರಿಸುವ ಪುಟ್ಟ ಪ್ರಿಂಟರು. ಹಾಲು ಸುರಿದರೆ ಲೀಟರು, ಫ್ಯಾಟ್, ದರ, ದುಡ್ಡು ಎಲ್ಲ ಒಟ್ಟಿಗೆ ಬಂದು ಚೀಟಿಯಾಗುತ್ತದೆ. ಮೊದಲು ಫ್ಯಾಟ್ ಎಷ್ಟೆಂಬುದು ಕಾರ್ಯದರ್ಶಿಯ ಬಾಯಿಂದ ಬರಬೇಕಿತ್ತು, ಅವರ ಮೂಡು, ಜಾತಿ, ಹಿಂದಿನ ಚುನಾವಣೆಯ ನೆನಪು ಎಲ್ಲ ಕರಗಿ ಬರುತ್ತಿತ್ತು. ಈಗ ಅಂಕಿ ಹಾಲು ತಂದ ಹೆಂಗಸಿಗೂ ಅದೇ ಕ್ಷಣಕ್ಕೆ ಕಾಣುತ್ತದೆ. ತಪ್ಪೆನಿಸಿದರೆ ಅಲ್ಲೇ ಬಾಯಿ ಮಾಡುತ್ತಾಳೆ, ಟಿಕೆಟ್ ರೇಸ್ ಮಾಡಿ ಮೂರು ಕೆಲಸದ ದಿನ ಕಾಯಬೇಕಿಲ್ಲ. ಇಲ್ಲಿ ಪರದೆ ಇರುವುದು ಮಾಲು ಕಂಡವರ ಎದುರಿಗೆ. ಹರ್ಷೀಸ್‌ನ ಗೋದಾಮಿನ ಆಳಿಗೆ ಸಿಗದ ಭಾಗ್ಯ ಇದು.

ಪರದೆ ಮಾಲು ಕಾಣದವರ ಎದುರಿಗಿದ್ದರೆ ಏನಾಗುತ್ತದೆ ಎಂಬುದನ್ನು ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸುಗಳು 2025ರ ಜುಲೈಯಲ್ಲಿ ಕಂಡವು. ಫೋನಿಗೆ ಬ್ಯಾಂಕು, ಬ್ಯಾಂಕಿಗೆ ಕ್ಯೂಆರ್, ಕ್ಯೂಆರಿಗೆ ಸೌಂಡ್‌ಬಾಕ್ಸು. ಲೈಸೆನ್ಸಿಗೆ ಲಕ್ಷಗಟ್ಟಲೆ ಕೊಡದೆ ಬೀದಿಬದಿಯ ವ್ಯಾಪಾರಿಗೂ ಸಮಗ್ರ ವ್ಯವಸ್ಥೆ ಸಿಕ್ಕಿತ್ತು. ಸೌಂಡ್‌ಬಾಕ್ಸು ತನ್ನ ಮಾಲೀಕನಿಗಷ್ಟೇ ಕೂಗಿ ಹೇಳುತ್ತಿದೆ ಎಂದು ಪಾಪ ಅವನು ನಂಬಿದ್ದ. ಗಾಂಧಿನಗರದ ವಾಣಿಜ್ಯ ತೆರಿಗೆ ಇಲಾಖೆ ನಾಲ್ಕು ವರ್ಷಗಳ ಯುಪಿಐ ಮಾಹಿತಿ ತರಿಸಿಕೊಂಡು, ಸರಕಿನಲ್ಲಿ ವರ್ಷಕ್ಕೆ 40 ಲಕ್ಷ, ಸೇವೆಯಲ್ಲಿ 20 ಲಕ್ಷ ದಾಟಿದವರಿಗೆ ನೋಟಿಸ್ ಕಳಿಸಿತು. ಮಿತಿ ದಾಟಿದರೆ ಜಿಎಸ್‌ಟಿ ನೋಂದಣಿ ಮಾಡಿಸಬೇಕೆಂಬುದು ಕಾನೂನು, ಅದರಲ್ಲಿ ತಕರಾರಿಲ್ಲ. ಆದರೆ ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 1.63 ಕೋಟಿಯ ವಹಿವಾಟಿಗೆ 29 ಲಕ್ಷ ತೆರಿಗೆ ಕಟ್ಟಿ ಎಂದು ಬಂತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ. ಬಂದ ರೂಪಾಯಿಯನ್ನೆಲ್ಲ ಕೂಡಿಸಲು ವ್ಯವಸ್ಥೆಗೆ ಬರುತ್ತದೆ, ಅದು ಬದನೆಕಾಯಿಯ ರೂಪಾಯಿ ಎಂದು ತಿಳಿಯಲು ಯಾರಾದರೂ ಅಂಗಡಿಯ ಮುಂದೆ ನಿಂತು ನೋಡಬೇಕು. ಕೆಲವೇ ದಿನಗಳಲ್ಲಿ ಭಾರತದ ಸಿಲಿಕಾನ್ ಕಣಿವೆಯ ಗೋಡೆಗಳ ಮೇಲೆ "ಯುಪಿಐ ಇಲ್ಲ, ಕ್ಯಾಶ್ ಮಾತ್ರ" ಎಂಬ ಕೈಬರಹದ ಚೀಟಿಗಳು ಅಂಟಿಕೊಂಡವು. ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳನ್ನು ಕರೆದು ಕೂರಿಸಿ, ಹಳೆಯ ಬಾಕಿ ಕೇಳುವುದಿಲ್ಲ ಎನ್ನಬೇಕಾಯಿತು.

ಕೈಬರಹಕ್ಕೆ ಅದಕ್ಕೂ ಹಿಂದಿನ ವರ್ಷ ಇನ್ನೂ ದೊಡ್ಡ ಗೌರವ ಸಿಕ್ಕಿತ್ತು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಒಂದು ದೋಷಪೂರಿತ ಅಪ್‌ಡೇಟ್ ಸುಮಾರು 85 ಲಕ್ಷ ಕಂಪ್ಯೂಟರುಗಳನ್ನು ಮಲಗಿಸಿತು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದುಕೊಟ್ಟರು. ಪ್ರಯಾಣಿಕರು ಅದರ ಫೋಟೋ ತೆಗೆದು ಎಲ್ಲರಿಗೂ ಕಳಿಸಿದರು, ಯಾವುದೋ ಶಿಲಾಶಾಸನ ಸಿಕ್ಕಿದಂತೆ.

ಈಗ ಕೃತಕ ಬುದ್ಧಿಮತ್ತೆಯ ಸರದಿ. ಸ್ಲೈಡಿನಲ್ಲಿ ನಡುವಿನ ವೃತ್ತಕ್ಕೆ ಮಿದುಳಿನ ಚಿತ್ರ ಅಂಟಿಸಿದ್ದಾರೆ. "ನಿಮ್ಮ ಹಿರಿಯ ಸಿಬ್ಬಂದಿಯ ತಲೆಯಲ್ಲಿರುವ ಜ್ಞಾನವನ್ನೆಲ್ಲ ಸೆರೆಹಿಡಿದು ವ್ಯವಸ್ಥೆಗೆ ತುಂಬುತ್ತೇವೆ ಸಾರ್." ಹಿರಿಯ ಸಿಬ್ಬಂದಿಯನ್ನು ಹಿಂದಿನ ಸಲದ ಜೋಡಣೆಯಲ್ಲೇ ಮನೆಗೆ ಕಳಿಸಿದ್ದೇವಲ್ಲ ಎಂದು ಸಾಹುಕಾರರು ತಲೆ ಕೆರೆದುಕೊಳ್ಳುತ್ತಾರೆ. ಚಿಂತೆಯಿಲ್ಲ, ಪ್ಯಾಕೇಜಿನಲ್ಲಿ ಅದಕ್ಕೂ ಒಂದು ಹಂತವಿದೆ, ಅದಕ್ಕೂ ಒಂದು ದರವಿದೆ. ನಮ್ಮ ಊಹೆಯ ಗುಮಾಸ್ತರ ಮನೆ ಮುಂದೆ ಕಾರು ನಿಲ್ಲುತ್ತದೆ. ಟೈ ಕಟ್ಟಿದ ಹುಡುಗ ರೆಕಾರ್ಡರ್ ಆನ್ ಮಾಡಿ ಕೇಳುತ್ತಾನೆ: "ಅಂಕಲ್, ಯಾರಿಗೆ ಉದ್ರಿ ಕೊಡಬೇಕು, ಯಾರಿಗೆ ಕೊಡಬಾರದು ಅಂತ ನೀವು ಹೇಗೆ ಡಿಸೈಡ್ ಮಾಡ್ತಿದ್ರಿ?"

ಗುಮಾಸ್ತರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ. "ತಾಸಿಗೆ ಎಷ್ಟ್ ಕೊಡ್ತೀರಿ, ಅದನ್ನ ಮೊದಲ ಹೇಳ್ರಿ ಸಾಹೇಬ್ರ. ಮತ್ತ ರೊಕ್ಕ ಕೈಯಾಗ ಕೊಡ್ರಿ, ಫೋನ್‌ಪೇ ಬ್ಯಾಡ."