ಬಿಟ್ಟ ನೀರು, ಬಂದ ನೀರು: ಬಾದನಹಟ್ಟಿಯ ಟ್ರಂಕಿನ ಉತ್ಖನನ ಹಾಗೂ ಹುಸಿಹೋದ ಆಟಗಳ ಮೀಮಾಂಸೆ

ಈ ಪ್ರಬಂಧದ ಕ್ಷೇತ್ರಕಾರ್ಯವು ಬಳ್ಳಾರಿ ಜಿಲ್ಲೆ ಕುರುಗೋಡು ತಾಲ್ಲೂಕಿನ ಬಾದನಹಟ್ಟಿಯಲ್ಲಿ, ಪ್ರಬಂಧಕಾರನ ಅಕ್ಕನ ಮನೆಯ ಅಟ್ಟದ ಮೇಲಿನ ಹಳೆ ಟ್ರಂಕಿನಲ್ಲಿ, ಒಂದು ಭಾನುವಾರ ಬೆಳಗ್ಗೆ ಹತ್ತು ಗಂಟೆಯಿಂದ ಕರೆಂಟ್ ಹೋಗುವವರೆಗೆ ನಡೆಯಿತು. ಉತ್ಖನನದ ಸಲಕರಣೆ: ಒಂದು ಇಕ್ಕಳ, ಒಂದು ಸವೆದ ಕಸಬರಿಗೆ. ಸಹ ಸಂಶೋಧಕ: ಅಕ್ಕನ ಮಗ, ಡಿಪ್ಲೊಮಾ ಎರಡನೇ ವರ್ಷ, ಎರಡು ವಿಷಯ ಬಾಕಿ. ಅನುದಾನ: ಒಂದು ತಟ್ಟೆ ಒಗ್ಗರಣೆ, ನಾಲ್ಕು ಮಿರ್ಚಿ. ಈ ಪೈಕಿ ಮೂರು ಮಿರ್ಚಿಯನ್ನು ಸಹ ಸಂಶೋಧಕನೇ ವಿನಿಯೋಗಿಸಿದ್ದು ಲೆಕ್ಕಪರಿಶೋಧನೆಯಲ್ಲಿ ಬಯಲಾಗಿದೆ. ಅಡಿಟಿಪ್ಪಣಿಗಳನ್ನು ಇಲಿ ತಿಂದಿವೆ.

ವಿಷಯ: ಹುಸಿಹೋದ ವಿಡಿಯೋ ಗೇಮುಗಳು. ಬಂತು ಬಂತು ಎಂದು ವರ್ಷಗಟ್ಟಲೆ ಕಾಯಿಸಿ, ಬಂದ ಮೇಲೆ ‘ಇದಕ್ಕಾ ಇಷ್ಟೆಲ್ಲಾ?’ ಅನ್ನಿಸಿದಂಥವು. ಇಂಥ ಗಹನ ವಿಷಯವನ್ನು ಬಾದನಹಟ್ಟಿಯ ಅಟ್ಟದ ಮೇಲೆ ಕೂತು ಬಗೆಹರಿಸಲು ಬರುತ್ತದೆಯೇ ಎಂದು ಕೇಳುವ ವಿದ್ವಾಂಸರಿಗೆ ನಮ್ಮ ಜಿಲ್ಲೆಯ ಪರಂಪರೆ ಗೊತ್ತಿಲ್ಲ. ಕುಡತಿನಿಯ ಬೂದಿದಿಬ್ಬವನ್ನೇ ನೋಡಿ. ರಾಕ್ಷಸನನ್ನು ಸುಟ್ಟ ಬೂದಿ ಅದು ಎಂದು ಹಿಂದಿನವರು ಹೇಳಿಕೊಂಡು ಬಂದರು. ಬ್ರಿಟಿಷರ ಕಾಲದಲ್ಲಿ ಸಾಹೇಬರು ಕುದುರೆ ಇಳಿದು ಮೂಸಿ ನೋಡಿದರು, ಕೆದಕಿದರು, ತಲೆ ಕೆರೆದುಕೊಂಡರು. ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ಇದು ದನದ ಸಗಣಿ ಸುಟ್ಟ ಬೂದಿ ಎಂದ. 1957ರಲ್ಲಿ ಆಲ್ಚಿನ್ ಎಂಬ ಪುರಾತತ್ತ್ವಜ್ಞ ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಇಂಥದ್ದೇ ದಿಬ್ಬ ಅಗೆದು, ನವಶಿಲಾಯುಗದ ದನಗಾಹಿಗಳ ದೊಡ್ಡಿ ಇದು ಎಂದು ಗಟ್ಟಿ ಮಾಡಿದ. ರಾಕ್ಷಸನನ್ನು ನಿರೀಕ್ಷಿಸಿದವರಿಗೆ ಸಗಣಿ ಸಿಕ್ಕಿತು. ನಿರೀಕ್ಷಾಭಂಗದ ಶಾಸ್ತ್ರವು ಬಳ್ಳಾರಿ ಸೀಮೆಯಲ್ಲಿ ಹುಟ್ಟಿತೆನ್ನಲು ಇದಕ್ಕಿಂತ ಬೇರೆ ಪುರಾವೆ ಬೇಕೆ?

ಅಮೆರಿಕದವರು ಇದನ್ನು ನಮ್ಮಿಂದ ನಕಲು ಹೊಡೆದರು. ‘ಇ.ಟಿ.’ ಸಿನಿಮಾ 1982ರಲ್ಲಿ ಭರ್ಜರಿ ಓಡಿದ್ದೇ ತಡ, ಅಟಾರಿ ಕಂಪನಿ ಅದರ ಮೇಲೊಂದು ಗೇಮ್ ಬೇಕೆಂದಿತು. ಕ್ರಿಸ್‌ಮಸ್‌ಗೆ ಅಂಗಡಿಯಲ್ಲಿರಬೇಕು. ಹೋವರ್ಡ್ ಸ್ಕಾಟ್ ವಾರ್ಶಾ ಎಂಬವರಿಗೆ ಸಿಕ್ಕ ಗಡುವು ಸುಮಾರು ಐದು ವಾರ. ಬಿತ್ತಿದ ಭತ್ತ ಐದು ವಾರದಲ್ಲಿ ಸಸಿಯಾಗುತ್ತದೆ, ಅಕ್ಕಿಯಾಗುವುದಿಲ್ಲ. ಆಟದಲ್ಲಿ ಪಾಪದ ಅನ್ಯಗ್ರಹವಾಸಿ ಗುಂಡಿಗೆ ಬೀಳುತ್ತಾನೆ, ಕತ್ತು ಉದ್ದ ಮಾಡಿ ಮೇಲೆ ಬರುತ್ತಾನೆ, ಮತ್ತೆ ಅದೇ ಗುಂಡಿಗೆ ಬೀಳುತ್ತಾನೆ. ಅಮೆರಿಕದ ಮಕ್ಕಳು ರೇಗಿದರು; ನಮ್ಮ ಕಡೆ ಬೈಕ್ ಓಡಿಸಿದವರಿಗೆ ಇದರಲ್ಲಿ ವಿಶೇಷವೇನೂ ಕಾಣದು. ಮಾರಾಟವಾಗದೆ ಉಳಿದ ರಾಶಿಯನ್ನು 1983ರಲ್ಲಿ ನ್ಯೂಮೆಕ್ಸಿಕೋದ ಅಲಮೊಗೊರ್ಡೊ ಎಂಬಲ್ಲಿ ಕಸದ ಗುಂಡಿಗೆ ಸುರಿದು ಮೇಲೆ ಕಾಂಕ್ರೀಟ್ ಹೊಯ್ದರು. ಗುಂಡಿಗೆ ಬೀಳುವ ಆಟ ಗುಂಡಿಗೇ ಬಿತ್ತು. 2014ರ ಏಪ್ರಿಲ್‌ನಲ್ಲಿ ಜನ ಸೇರಿ ಅದನ್ನು ಅಗೆದು ತೆಗೆದರು. ಅದರಲ್ಲೊಂದು ಈಗ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ. ಈ ಸುದ್ದಿ ಹೇಳಿದಾಗ ಅಕ್ಕ ಕೆಳಗಿನಿಂದಲೇ ಕೂಗಿದಳು: “ಲೇ ತಮ್ಮಾ, ಆ ಟ್ರಂಕ್ ಗುಜರಿಗೆ ಹಾಕ್ತೀನಿ. ಮ್ಯೂಸಿಯಮ್ಮಿನವ್ರು ಬಂದ್ರ ಗುಜರಿ ಅಂಗಡಿ ತೋರ್ಸು.”

ಟ್ರಂಕನ್ನು ಅಗೆದದ್ದು ಮೇಲಿನಿಂದ ಕೆಳಗೆ. ವಿವರಿಸುವುದು ಕೆಳಗಿನಿಂದ ಮೇಲೆ. ವಿದ್ವಾಂಸರು ಹೀಗೇ ಮಾಡುವುದು, ಓದುಗರಿಗೆ ತಮ್ಮ ಶ್ರಮ ಗೊತ್ತಾಗಲಿ ಎಂದು.

ತಳದ ಸ್ತರದಲ್ಲಿ, ಹಳೆ ಪಂಚಾಂಗದ ಕೆಳಗೆ, ಕೈಯಲ್ಲಿ ಹಿಡಿದು ಆಡುವ ಇಟ್ಟಿಗೆ ಆಟದ ಡಬ್ಬಿ. ಮೈಮೇಲೆ ‘9999 ಇನ್ 1’ ಎಂದು ಬರೆದಿದೆ. ಪ್ರಬಂಧಕಾರ ಹುಡುಗನಾಗಿದ್ದಾಗ ಜಾತ್ರೆಯ ಅಂಗಡಿಯೊಂದರಲ್ಲಿ ಕೊಂಡದ್ದು. ಆ ಬೇಸಿಗೆ ರಜೆಯಿಡೀ ಒಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು ಆಟಗಳನ್ನು ಎಣಿಸುತ್ತ ಕೂತದ್ದೇ ಈತನ ಮೊದಲ ಸಂಶೋಧನೆ. ಇಟ್ಟಿಗೆ ಬೀಳುವುದು, ಹಾವು ಓಡುವುದು, ಕಾರು ತಪ್ಪಿಸುವುದು, ಟ್ಯಾಂಕು ಸುಡುವುದು. ಬಳಿಕ ಅದೇ ಇಟ್ಟಿಗೆ, ಸ್ವಲ್ಪ ಜೋರಾಗಿ. ವೇಗ ಬದಲಾದರೆ ಬೇರೆ ಆಟ, ಹಂತ ಬದಲಾದರೆ ಮತ್ತೊಂದು ಆಟ ಎಂದು ಉದಾರವಾಗಿ ಎಣಿಸಿದರೂ ಲೆಕ್ಕ ಕೂಡಲಿಲ್ಲ. ಸೆಲ್ ಮುಗಿದು ಸಂಶೋಧನೆ ನಿಂತಿತು. ಅದರ ಮೇಲಿನ ಸ್ತರದಲ್ಲಿ ಟೀವಿ ಗೇಮಿನ ಹಳದಿ ಕ್ಯಾಸೆಟ್. ಅದರ ಮೇಲೂ ಲಕ್ಷದ ಹತ್ತಿರದ ಸಂಖ್ಯೆ, ಒಳಗೆ ಅದೇ ಮಾರಿಯೋ, ಅದೇ ಕಾಂಟ್ರಾ, ಅದೇ ಬಾತುಕೋಳಿ ಬೇಟೆ, ಸರದಿ ತಪ್ಪದೆ ಮತ್ತೆ ಮತ್ತೆ. ಆದರೂ ಒಂದು ಮಾತು ದಾಖಲಾಗಬೇಕು: ಜಾತ್ರೆಯ ಅಂಗಡಿಯವನು ದುಡ್ಡು ಇಸಕೊಳ್ಳುವ ಮುಂಚೆ ಡಬ್ಬಿ ಕೈಗೆ ಕೊಟ್ಟು ಆಡಿಸಿ ತೋರಿಸಿದ್ದ. ಸಂಖ್ಯೆ ಸುಳ್ಳಿರಬಹುದು, ಸರಕು ಕಣ್ಣೆದುರಿಗಿತ್ತು. ಇಂದಿನ ಮಹಾ ಕಂಪನಿಗಳು ಮುಂಗಡ ಪಡೆದು, ಆಟದ ಬದಲು ಆಟದ ಸಿನಿಮಾ ತೋರಿಸುತ್ತವೆ.

ಇಲ್ಲಿ ಸಿದ್ಧಾಂತ ಮಂಡಿಸಬೇಕಾಗಿದೆ. ತುಂಗಭದ್ರಾ ಕೆಳಮಟ್ಟದ ಕಾಲುವೆ, ಅಂದರೆ ನಮ್ಮ ಎಲ್‌ಎಲ್‌ಸಿ, ಅದರ ಕೊನೆ ಭಾಗದ ರೈತನಿಗೆ ಎರಡು ಪದಗಳ ನಡುವಿನ ವ್ಯತ್ಯಾಸ ಹುಟ್ಟುವಾಗಲೇ ಗೊತ್ತಿರುತ್ತದೆ: ಬಿಟ್ಟ ನೀರು, ಬಂದ ನೀರು. ಬಿಟ್ಟ ನೀರು ಪತ್ರಿಕೆಯಲ್ಲಿರುತ್ತದೆ, ಕ್ಯೂಸೆಕ್ಸ್ ಲೆಕ್ಕದಲ್ಲಿ. ಬಂದ ನೀರು ಗದ್ದೆಯಲ್ಲಿರುತ್ತದೆ, ಪಾದ ಮುಳುಗಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಜಲಾಶಯಕ್ಕೂ ಒಂದು ಕಾಲಕ್ಕೆ ಡಬ್ಬಿಯ ಮೇಲಿನ ಸಂಖ್ಯೆ ಇತ್ತು, 133 ಟಿಎಂಸಿ ಅಡಿ. ಹೂಳು ತುಂಬಿ ಈಗ 105ರ ಆಸುಪಾಸು. ಹೀಗಾಗಿ ಪ್ರಬಂಧಕಾರನ ಸೂತ್ರ: ಬಿಟ್ಟ ನೀರಿನಲ್ಲಿ ಬಂದ ನೀರನ್ನು ಕಳೆದರೆ ಉಳಿಯುವುದೇ ಹತಾಶೆ. ಆಟ ಕೆಟ್ಟದ್ದೋ ಒಳ್ಳೆಯದೋ ಎಂಬುದು ಈ ಲೆಕ್ಕದಲ್ಲಿ ಬರುವುದೇ ಇಲ್ಲ. ಪೂರ್ವಸೂರಿಗಳು ಎಡವಿದ್ದು ಇಲ್ಲೇ. ಅವರು ಗದ್ದೆ ನೋಡಿದರು, ತೂಬು ನೋಡಲಿಲ್ಲ.

ಮೂರನೇ ಸ್ತರದಲ್ಲಿ ಮಾರ್ಕರ್ ಪೆನ್ನಿನಲ್ಲಿ ‘ಲಾರಿ’ ಎಂದು ಬರೆದ ಗೀರುಬಿದ್ದ ಸೀಡಿ. ಒಳಗೆ ಯಾವ ಆಟವಿತ್ತೋ, ಅಂದೂ ಓಡಲಿಲ್ಲ, ಇಂದೂ ಓಡಲಿಲ್ಲ. ಆದರೆ ಲಾರಿ ಎಂದ ಮೇಲೆ 2003ರ ‘ಬಿಗ್ ರಿಗ್ಸ್’ ಅನ್ನು ನೆನೆಯದೆ ಮುಂದೆ ಹೋಗುವುದು ಅಕ್ಷಮ್ಯ. ಲಾರಿ ಓಟದ ಸ್ಪರ್ಧೆ. ಎದುರಾಳಿ ಲಾರಿ ಹೊರಡುವುದೇ ಇಲ್ಲ. ನಿಮ್ಮ ಲಾರಿ ಮನೆ, ಮರ, ಸೇತುವೆ ಎಲ್ಲದರೊಳಗಿಂದಲೂ ಹಾದು ಹೋಗುತ್ತದೆ. ರಿವರ್ಸ್ ಗೇರಿನಲ್ಲಿ ಓಡಿಸಿದರೆ ವೇಗಕ್ಕೆ ಮಿತಿಯೇ ಇಲ್ಲ. ಕೊನೆಗೆ ‘ನೀನು ಗೆದ್ದವ’ ಎಂದು ವ್ಯಾಕರಣ ತಪ್ಪಿದ ಇಂಗ್ಲಿಷಿನಲ್ಲೊಂದು ಕಪ್ಪು ಕೈಗೆ ಬರುತ್ತದೆ. ಜಗತ್ತಿನ ವಿಮರ್ಶಕರು ಇದನ್ನು ಅತ್ಯಂತ ಕಳಪೆ ಆಟಗಳ ಸಾಲಿಗೆ ಹಾಕಿದರು. ಅದಿರು ಭರಾಟೆಯ ಆ ವರ್ಷಗಳಲ್ಲಿ ಬಳ್ಳಾರಿ–ಹೊಸಪೇಟೆ ರಸ್ತೆಯ ಬದಿಯಲ್ಲಿ ಕೆಂಧೂಳು ಕುಡಿದು ನಿಂತವರು ಯಾರೂ ಆ ವಿಮರ್ಶಕರಲ್ಲಿ ಇರಲಿಲ್ಲವೆಂದು ಕಾಣುತ್ತದೆ. ಇದ್ದಿದ್ದರೆ ವಾಸ್ತವಿಕತೆಗೆ ಎರಡು ಅಂಕ ಸಿಗುತ್ತಿತ್ತು.

‘ಡ್ಯೂಕ್ ನ್ಯೂಕೆಮ್ ಫಾರೆವರ್’ ಬಗ್ಗೆ ಹೆಚ್ಚು ಬರೆಯುವುದಿಲ್ಲ. 1997ರಲ್ಲಿ ಘೋಷಣೆ, 2011ರಲ್ಲಿ ಬಿಡುಗಡೆ. ಘೋಷಣೆಯ ದಿನ ಹುಟ್ಟಿದ ಕೂಸು ಆಟ ಬರುವ ಹೊತ್ತಿಗೆ ಒಂಬತ್ತನೇ ಕ್ಲಾಸು. ಕೆಲವು ಯೋಜನೆಗಳ ಶಂಕುಸ್ಥಾಪನೆಯ ಕಲ್ಲು ನೋಡಿ ಬೆಳೆದ ನಮಗೆ ಇದು ತೀವ್ರಗತಿಯ ಕಾಮಗಾರಿ.

2016ರ ‘ನೋ ಮ್ಯಾನ್ಸ್ ಸ್ಕೈ’ ಮಾತ್ರ ಭತ್ತ ಬೆಳೆಯುವ ಊರಿನವರು ಕೂತು ವಿಚಾರಿಸಬೇಕಾದದ್ದು. ಅದರಲ್ಲಿ 1,84,46,74,40,73,70,95,51,616 ಗ್ರಹಗಳಿವೆ ಎಂದರು. ಎರಡನ್ನು ಅರವತ್ತನಾಲ್ಕನೇ ಘಾತಕ್ಕೆ ಏರಿಸಿದರೆ ಬರುವ ಸಂಖ್ಯೆ. ಚದುರಂಗದ ಮಣೆಯ ಮೊದಲ ಮನೆಗೆ ಒಂದು ಕಾಳು, ಎರಡನೇ ಮನೆಗೆ ಎರಡು, ಮೂರನೆಯದಕ್ಕೆ ನಾಲ್ಕು ಎಂದು ರಾಜನ ಬಳಿ ಬೇಡಿದ ಜಾಣನ ಕಥೆ ಎಲ್ಲರಿಗೂ ಗೊತ್ತು. ಅವನ ಒಟ್ಟು ಕಾಳಿಗಿಂತ ಇದು ಸರಿಯಾಗಿ ಒಂದು ಹೆಚ್ಚು. ರಾಜ ಕಾಳು ಕೊಡಲಾಗದೆ ಸೋತ. ಕಂಪನಿ ಗ್ರಹಗಳನ್ನು ಕೊಟ್ಟೇ ಸೋತಿತು. ಜನ ಇಳಿದು ನೋಡಿದರೆ ಈ ಗ್ರಹದಂತೆಯೇ ಆ ಗ್ರಹ, ಬಣ್ಣ ಬೇರೆ. ಬಿಡುಗಡೆಯಾದ ಹೊಸತರಲ್ಲೇ ಇಬ್ಬರು ಆಟಗಾರರು ಒಂದೇ ಗ್ರಹದ ಒಂದೇ ಜಾಗಕ್ಕೆ ಹುಡುಕಿಕೊಂಡು ಬಂದು ನಿಂತರು. ಒಬ್ಬರಿಗೊಬ್ಬರು ಕಾಣಲೇ ಇಲ್ಲ. ಸಹ ಸಂಶೋಧಕನ ಷರಾ: “ಮಾಮಾ, 9999 ಇನ್ 1 ಅಂದ್ರ ಇದ ನೋಡು. ಸೊನ್ನಿ ಹೆಚ್ಚಿಗಿ ಅದಾವು ಅಷ್ಟ.” ಈ ಒಂದು ವಾಕ್ಯಕ್ಕಾಗಿ ಅವನ ಎರಡು ಬಾಕಿ ವಿಷಯಗಳಲ್ಲಿ ಒಂದನ್ನಾದರೂ ಮನ್ನಾ ಮಾಡಬಹುದಿತ್ತು.

ಆದರೆ ಆ ಕಂಪನಿ ಓಡಿಹೋಗಲಿಲ್ಲ. ವರ್ಷ ವರ್ಷ ಪುಕ್ಕಟೆ ಅಪ್‌ಡೇಟ್ ಕೊಟ್ಟು ಆಟವನ್ನು ನೆಟ್ಟಗೆ ಮಾಡಿತು. ‘ಸೈಬರ್‌ಪಂಕ್ 2077’ರದ್ದೂ ಇದೇ ಕಥೆ. 2020ರ ಡಿಸೆಂಬರ್ 10ಕ್ಕೆ ಬಂತು, ಹಳೆ ಪ್ಲೇಸ್ಟೇಷನ್ನಿನಲ್ಲಿ ಎಡವಿ ಎಡವಿ ಬಿತ್ತು, ವಾರ ಕಳೆಯುವಷ್ಟರಲ್ಲಿ ಸೋನಿ ತನ್ನ ಅಂಗಡಿಯಿಂದಲೇ ತೆಗೆದುಹಾಕಿತು. ಮೂರು ವರ್ಷದ ರಿಪೇರಿಯ ನಂತರ ಬೈದವರೇ ಹೊಗಳಿದರು. ಇದನ್ನು ನಮ್ಮ ಶಾಸ್ತ್ರದಲ್ಲಿ ‘ಎರಡನೇ ಬೆಳೆಯ ನೀರು’ ಎನ್ನುತ್ತೇವೆ. ಮೊದಲ ಬೆಳೆ ಒಣಗಿದವನಿಗೆ ಅದರಿಂದ ಉಪಯೋಗವಿಲ್ಲ. ತಡವಾಗಿ ಬಿತ್ತಿದವನಿಗೆ, ಅಂದರೆ ಅರ್ಧ ಬೆಲೆಗೆ ಕೊಂಡವನಿಗೆ, ಬಂಪರ್ ಇಳುವರಿ. ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು, ಉಡೇಗೋಳದ ಬಂಡೆಗಳ ಮೇಲೆ ಶಾಸನ ಕೆತ್ತಿಸಿದ ಅಶೋಕನಿಗೆ ಈ ಸೌಲಭ್ಯ ಇರಲಿಲ್ಲ. ಮೊದಲ ದಿನವೇ ಸರಿಯಾಗಿ ಕೆತ್ತಬೇಕಿತ್ತು. ಇಂದು ಅಶೋಕನಿದ್ದರೆ ಅರ್ಧ ಶಾಸನ ಕೆತ್ತಿಸಿ, ‘ಉಳಿದದ್ದು ಮುಂದಿನ ಅಪ್‌ಡೇಟಿನಲ್ಲಿ’ ಎಂದು ಪಾಟಲಿಪುತ್ರಕ್ಕೆ ಹೋಗುತ್ತಿದ್ದ.

ಈಗ ಟ್ರಂಕಿನ ಮೇಲ್ಪದರ. ಗಾಜು ಬಿರುಕುಬಿಟ್ಟ ಫೋನು, ಸಹ ಸಂಶೋಧಕನ ಪೂರ್ವಾಶ್ರಮದ್ದು. ಸಂಶೋಧನೆಯ ತಿರುಳು ಇದರಲ್ಲಿದೆ.

2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ 118 ಆ್ಯಪ್‌ಗಳನ್ನು ನಿಷೇಧಿಸಿತು. ಅವುಗಳಲ್ಲಿ ಪಬ್‌ಜಿ ಎಂಬ ಬಂದೂಕಿನ ಆಟವೂ ಇತ್ತು. ಲಾಕ್‌ಡೌನಿನ ರಜೆಯಲ್ಲಿ ಕಟ್ಟೆ ಮೇಲೆ ನಾಲ್ಕು ನಾಲ್ಕು ಜನ ತಂಡ ಕಟ್ಟಿಕೊಂಡು ಕಿವಿಗೆ ವೈರ್ ಹಾಕಿ ಕೂಗಾಡುತ್ತಿದ್ದ ಹುಡುಗರು ಆ ಸಂಜೆ ಸುಮ್ಮನೆ ಕೂತಿದ್ದನ್ನು ಪ್ರಬಂಧಕಾರ ಕಂಡಿದ್ದಾನೆ. ಸೂತಕದ ಮನೆಯಲ್ಲೂ ಅಷ್ಟು ಶಾಂತಿ ಇರುವುದಿಲ್ಲ. ಎರಡೇ ದಿನಕ್ಕೆ, ಸೆಪ್ಟೆಂಬರ್ 4ರಂದು, ನಟ ಅಕ್ಷಯ್ ಕುಮಾರ್ ‘ಫೌ-ಜಿ’ ಎಂಬ ಆಟದ ಘೋಷಣೆ ಮಾಡಿದರು. ಮಾಡುವವರು ನಮ್ಮ ಬೆಂಗಳೂರಿನ ಎನ್‌ಕೋರ್ ಗೇಮ್ಸ್. ನಿವ್ವಳ ಆದಾಯದ ಶೇ. 20 ಹುತಾತ್ಮ ಯೋಧರ ಕುಟುಂಬಗಳಿಗೆ ನೆರವಾಗುವ ‘ಭಾರತ್ ಕೆ ವೀರ್’ ನಿಧಿಗೆ. ನವೆಂಬರ್ ಕೊನೆಯಲ್ಲಿ ಮುಂಗಡ ನೋಂದಣಿ ತೆರೆದಾಗ ಮೊದಲ 24 ಗಂಟೆಯಲ್ಲೇ 10 ಲಕ್ಷಕ್ಕೂ ಹೆಚ್ಚು ಜನ ಹೆಸರು ಬರೆಸಿದರು. 2021ರ ಗಣರಾಜ್ಯೋತ್ಸವದ ದಿನ ಆಟ ಬಂತು.

ಬಂದದ್ದೇನು? ಚೀನಾ ಗಡಿಯ ಗಲ್ವಾನ್ ಕಣಿವೆ. ಒಬ್ಬನೇ ಸೈನಿಕ, ಹಂತ ಹಂತವಾಗಿ ನಡೆಯುವ ಕಥೆ. ಮುಷ್ಟಿಯಲ್ಲಿ ಗುದ್ದುವುದು, ಕೈಗೆ ಸಿಕ್ಕ ಆಯುಧದಲ್ಲಿ ಹೊಡೆಯುವುದು, ಬೆಂಕಿ ಕಾಯಿಸಿಕೊಂಡು ಚೇತರಿಸಿಕೊಳ್ಳುವುದು. ಬಂದೂಕಿಲ್ಲ. ಗೆಳೆಯರ ತಂಡ ಕಟ್ಟಲು ಆಗ ಬರುತ್ತಿರಲಿಲ್ಲ. ಪ್ಲೇ ಸ್ಟೋರಿನಲ್ಲಿ ದಿನಗಳೊಳಗೆ ನಕ್ಷತ್ರಗಳು ಉದುರಿದವು.

ಪೂರ್ವಪಕ್ಷ, ಸಹ ಸಂಶೋಧಕನ ವತಿಯಿಂದ: “ಮಿಲಿಟ್ರಿ ಆಟ ಅಂತಿ, ಬಂದೂಕ ಇಲ್ಲಂದ್ರ ಹೆಂಗ ಮಾಮಾ?” ಸಿದ್ಧಾಂತ: 2020ರ ಜೂನ್ 15ರ ರಾತ್ರಿ ಗಲ್ವಾನಿನಲ್ಲಿ ಗುಂಡು ಹಾರಿರಲಿಲ್ಲ. ಗಡಿಯಲ್ಲಿ ಬಂದೂಕು ಬಳಸಬಾರದೆಂಬ ಒಪ್ಪಂದವಿತ್ತು. 20 ಯೋಧರು ಪ್ರಾಣ ಕೊಟ್ಟದ್ದು ಕೈಕೈ ಕಾದಾಟದಲ್ಲಿ. ಆ ಒಂದು ವಿಷಯದಲ್ಲಿ ಆಟ ನಡೆದದ್ದಕ್ಕೆ ನಿಷ್ಠವಾಗಿತ್ತು, ಆ ನಿಷ್ಠೆಯೇ ಅದಕ್ಕೆ ಮುಳುವಾಯಿತು. ಬಯಲಾಟದಲ್ಲಿ ಭೀಮ ಬೆಳಗಿನ ಜಾವದವರೆಗೂ ಬರೀ ಗದೆಯಲ್ಲೇ ಹೊಡೆದಾಡುತ್ತಾನೆ, ನಡುನಡುವೆ ಪದ ಹೇಳುತ್ತಾನೆ, ಚಹಾ ಕುಡಿದು ಬರುತ್ತಾನೆ. ಯಾರಾದರೂ ಎದ್ದು ನಿಂತು ಒಂದೇ ನಕ್ಷತ್ರ ಕೊಟ್ಟದ್ದುಂಟೆ? ಇಲ್ಲ. ಭೀಮ ಬಂದೂಕು ತರುತ್ತಾನೆಂದು ಊರಲ್ಲಿ ಯಾರೂ ಡಂಗುರ ಹೊಡೆದಿರುವುದಿಲ್ಲ. ಫೌ-ಜಿಯ ವಿಷಯದಲ್ಲಿ ಹೊಡೆದಿದ್ದರು, ಮತ್ತು ಎಲ್ಲವನ್ನೂ ಕಂಪನಿಯವರೇ ಹೊಡೆದದ್ದಲ್ಲ. ಪಬ್‌ಜಿ ಹೋದ ಜಾಗಕ್ಕೆ ಅದರಪ್ಪ ಬರುತ್ತಾನೆಂದು ಐದು ತಿಂಗಳು ಕಟ್ಟೆ ಮೇಲೆ ಕೂತು ತೂಬು ಎತ್ತಿದವರಲ್ಲಿ ಸಹ ಸಂಶೋಧಕ ಒಬ್ಬ. ಬಿಟ್ಟ ನೀರಿನ ಗೇಜನ್ನು ಅವನೇ ಬರೆದ, ಬಂದ ನೀರಿನ ಮೇಲೆ ದೂರನ್ನೂ ಅವನೇ ಕೊಟ್ಟ.

ಇದನ್ನು ಅವನಿಗೆ ಓದಿ ಹೇಳಿದೆ. ತಲೆ ಎತ್ತಲಿಲ್ಲ, ಹೊಸ ಫೋನಿನಲ್ಲಿ ಜಿಟಿಎ 6ರ ಟ್ರೇಲರನ್ನು ಎಷ್ಟನೆಯದೋ ಸಲ ನೋಡುತ್ತಿದ್ದ. ಅದು ಮೊದಲು 2025ಕ್ಕೆ ಎಂದಿತ್ತು, ಆಮೇಲೆ 2026ಕ್ಕೆ ಹೋಯಿತು. “ಆ ಆಟ ಆಡಾಕ ಬೇಕಾದ ಮಷಿನ್ ನಿನ್ನತ್ರ ಐತೇನಲೇ?” ಎಂದು ಕೇಳಿದೆ. “ಇಲ್ಲ ಮಾಮಾ, ಆದ್ರ ಆಟ ಭಾರಿ ಇರ್ತೈತಿ” ಎಂದ. ಅಷ್ಟರಲ್ಲಿ ಕರೆಂಟ್ ಹೋಯಿತು. ಅಕ್ಕ ಮೆಟ್ಟಿಲ ಬುಡಕ್ಕೆ ಬಂದು ಗುಜರಿಯವನು ಬಂದಿದ್ದಾನೆಂದಳು. ಟ್ರಂಕನ್ನೂ ಸೀಡಿಯನ್ನೂ ಕ್ಯಾಸೆಟ್ಟನ್ನೂ ಅವನಿಗೆ ಕೊಟ್ಟೆವು. ಇಟ್ಟಿಗೆ ಆಟದ ಡಬ್ಬಿಯನ್ನು ಉಳಿಸಿಕೊಂಡಿದ್ದೇನೆ, ಎಣಿಕೆ ಇನ್ನೂ ಮುಗಿದಿಲ್ಲ. ಬಾದನಹಟ್ಟಿ ಕಡೆ ಬರುವ ಓದುಗರು ದಯವಿಟ್ಟು ಎರಡು ಪೆನ್ಸಿಲ್ ಸೆಲ್ ತರಬೇಕು.